ಬಾಗಿಲ ಹೊರಗಿರುವವರನ್ನು ಕೇಳಿ ಎಸರಿಗೆ ಅಕ್ಕಿ ಹಾಕಿ

ಮದುವೆ ಊಟಕ್ಕೂ ಸಂಘದ ಊಟಕ್ಕೂ ಅಡಿಗೆ ಒಂದೇ, ಗಡಿಯಾರ ಬೇರೆ. ಮದುವೆಯಲ್ಲಿ ಅಕ್ಷತೆ ಬಿತ್ತು ಅಂದ್ರೆ ಜನ ತಾವಾಗಿಯೇ ಊಟದ ಹಾಲ್‌ಗೆ ನುಗ್ಗುತ್ತಾರೆ, ಯಾರೂ ಕರೆಯಬೇಕಿಲ್ಲ. ಸಂಘದವರ ವಾರ್ಷಿಕ ಕೂಟದಲ್ಲಿ ಹಾಗಲ್ಲ. ಪದಗ್ರಹಣ ಆಗಬೇಕು, ಸನ್ಮಾನ ಆಗಬೇಕು, ನಾಲ್ಕು ಮಾತು ಆಗಬೇಕು. ಅದು ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನೋದು ಮೈಕ್ ಹಿಡಿದವರಿಗೂ ಗೊತ್ತಿರಲ್ಲ. ಬಳ್ಳಾರಿಯಲ್ಲಿ ಕೇಟರಿಂಗ್ ಮಾಡುವ ನನಗೆ ಈ ಗಡಿಯಾರ ಓದೋದನ್ನು ಚೆನ್ನಾಗಿ ಕಲಿಸಿದ್ದು ಫ್ರೀಮೇಸನ್‌ಗಳ ವಾರ್ಷಿಕ ಕೂಟ.

ಇದು ಗಂಡಸರ ಒಂದು ಹಳೆಯ ಸಹೋದರ ಸಂಘ. ಒಬ್ಬರನ್ನೊಬ್ಬರು ಬ್ರದರ್ ಅಂತಲೇ ಕರೆಯುತ್ತಾರೆ. ಡಾಕ್ಟರು, ವಕೀಲರು, ಮಿಲ್ ಮಾಲೀಕರು, ರಿಟೈರ್ ಆದ ಅಧಿಕಾರಿಗಳು, ಎಲ್ಲ ತರದವರೂ ಇರುತ್ತಾರೆ. ಊರೂರಲ್ಲಿರುವ ಘಟಕಕ್ಕೆ ಲಾಡ್ಜ್ ಅನ್ನುತ್ತಾರೆ. ರೂಮ್ ಬಾಡಿಗೆಗೆ ಕೊಡೋ ಲಾಡ್ಜ್ ಅಲ್ಲ. ನಮ್ಮ ಹುಡುಗರು ಮೊದಲ ಸಲ ಪಾತ್ರೆ ತುಂಬಿಕೊಂಡು ಬಸ್ ಸ್ಟ್ಯಾಂಡ್ ಕಡೆ ಟೆಂಪೋ ತಿರುಗಿಸಿದ್ದರು.

ಈ ಸಂಘಕ್ಕೂ ಊಟಕ್ಕೂ ನಂಟು ಇವತ್ತಿನದಲ್ಲ. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜ್‌ಗಳು 'ಗೂಸ್ ಅಂಡ್ ಗ್ರಿಡೈರನ್' ಅನ್ನುವ ಹೆಂಡದಂಗಡಿಯಲ್ಲಿ ಸೇರಿ ಒಂದಾದವು ಅಂತ ಅವರ ಇತಿಹಾಸ ಹೇಳುತ್ತದೆ. ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಉಣ್ಣಬೇಕು ಅನ್ನೋದು ಅವತ್ತಿನ ತೀರ್ಮಾನಗಳಲ್ಲಿ ಒಂದಂತೆ. ಕೇಟರಿಂಗ್‌ನವನಾಗಿ ನನಗೆ ಇದು ಬಹಳ ಇಷ್ಟವಾದ ಇತಿಹಾಸ! ನಮ್ಮ ದೇಶದಲ್ಲಿ ಮೊದಲ ಲಾಡ್ಜ್ 1730ರಲ್ಲಿ ಕಲ್ಕತ್ತಾದಲ್ಲಿ ಶುರುವಾಯಿತು. ಭಾರತದ್ದೇ ಸ್ವಂತ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜ್‌ಗಳ ಮೇಲಿನ ಕೇಂದ್ರ ಸಂಘ, ಆಗಿದ್ದು 1961ರ ನವೆಂಬರ್ 24ರಂದು. ವಿವೇಕಾನಂದರು ಸನ್ಯಾಸಿ ಆಗುವ ಮೊದಲು, 1884ರಲ್ಲಿ, ಕಲ್ಕತ್ತಾದ ಒಂದು ಲಾಡ್ಜ್ ಸೇರಿದ್ದರು. ಇದನ್ನು ಹೇಳಿದರೆ ನಮ್ಮ ಕಡೆ ಯಾರೂ ನಂಬಲ್ಲ.

ಅವರ ವಿಧಿಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ. ಅದಕ್ಕೇ ಉತ್ತರದ ಕಡೆ ಎಷ್ಟೋ ಊರುಗಳಲ್ಲಿ ಲಾಡ್ಜ್ ಕಟ್ಟಡಕ್ಕೆ 'ಜಾದೂಘರ್' ಅಂತ ಹೆಸರು ಬಿದ್ದಿದೆ. ನಮ್ಮ ಬಡಿಸೋ ಹುಡುಗರಿಗೂ ಏನೇನೋ ಕತೆ ಯಾರೋ ಹೇಳಿಬಿಟ್ಟಿದ್ದರು. ಕಡೆಗೆ ಬಾಗಿಲು ತೆಗೆದಾಗ ಬಂದವರು ಬಿಳಿ ಏಪ್ರನ್ ಕಟ್ಟಿದ ಹಿರಿಯರು. "ಅವರಿಗೂ ಏಪ್ರನ್, ನಮಗೂ ಏಪ್ರನ್, ಇನ್ಯಾಕಲೇ ಹೆದರಿಕೆ?" ಅಂದೆ. ಹುಡುಗರ ಮುಖ ಆಗ ಸರಿಹೋಯಿತು.

ಈಗ ಕೆಲಸದ ಮಾತು. ಹೊಸ ಅಧ್ಯಕ್ಷರ ಪದಗ್ರಹಣ ಒಳಗೆ. ಹೆಂಗಸರು ಮಕ್ಕಳು ಹೊರಗೆ ಹಾಲ್‌ನಲ್ಲಿ. ಒಳಗಿನವರು ಹೊರಬಂದ ಮೇಲೆ ಎಲ್ಲರೂ ಕೂಡಿ ಊಟ. ಎಂಟಕ್ಕೆ ಅಂತ ಕಾರ್ಡ್‌ನಲ್ಲಿ ಅಚ್ಚಾಗಿರುತ್ತದೆ. ಅದನ್ನು ನಂಬಿ ಏಳೂವರೆಗೆ ಅನ್ನ ಬಸಿದರೆ ಒಂಬತ್ತಕ್ಕೆ ಅದು ಮುದ್ದೆ. ಒಳಗೆ ಹೋಗಿ "ಎಷ್ಟೊತ್ತು ಆಗುತ್ತೆ ಸರ್?" ಅಂತ ಕೇಳುವ ಹಾಗಿಲ್ಲ.

ಆದರೆ ಬಾಗಿಲ ಹೊರಗೆ ಒಬ್ಬರು ಕತ್ತಿ ಹಿಡಿದು ನಿಂತಿರುತ್ತಾರೆ. ಹೊರಗಿನವರು ಒಳಗೆ ಬರದ ಹಾಗೆ ನೋಡಿಕೊಳ್ಳೋದು ಅವರ ಹುದ್ದೆ. ಟೈಲರ್ ಅನ್ನುತ್ತಾರೆ. ಒಳಗೆ ಏನು ನಡೆಯುತ್ತಿದೆ ಅಂತ ಅವರು ಹೇಳಲ್ಲ, ನಾವು ಕೇಳಲೂಬಾರದು. ಆದರೆ ಬಾಗಿಲು ಬಡಿಯುವ ಸದ್ದಿನ ಲೆಕ್ಕದಲ್ಲೇ ಎಲ್ಲಿಗೆ ಬಂತು ಅಂತ ಅವರಿಗೆ ತಿಳಿಯುತ್ತದೆ. ನನಗೆ ಬೇಕಾಗಿದ್ದೂ ಅಷ್ಟೇ.

"ಸರ್, ಅಕ್ಕಿ ಹಾಕ್ಲೇನ್ರಿ?"

"ಈಗ ಬ್ಯಾಡ್ರಿ. ನಾ ಕೈ ಮಾಡ್ತೀನಿ, ಆಗ ಹಾಕ್ರಿ."

ಅವರು ಕೈ ಎತ್ತಿದರು, ನಾವು ಎಸರಿಗೆ ಅಕ್ಕಿ ಹಾಕಿದೆವು. ಅನ್ನ ಬಸಿದು ಹಬೆ ಆರುವ ಹೊತ್ತಿಗೆ ಬಾಗಿಲು ತೆರೆಯಿತು. ಆಮೇಲೆ ಯಾವ ಕಾರ್ಯಕ್ರಮಕ್ಕೆ ಹೋದರೂ ಇಂಥವರೊಬ್ಬರನ್ನು ಮೊದಲು ಹುಡುಕುತ್ತೇನೆ. ವೇದಿಕೆ ಮೇಲಿರುವವರು ಇದಕ್ಕೆ ಉಪಯೋಗಕ್ಕೆ ಬರಲ್ಲ. ಬಾಗಿಲ ಹತ್ತಿರ ಇರುವವರು ಬೇಕು. ಕಾಲೇಜಿನ ಕಾರ್ಯಕ್ರಮದಲ್ಲಿ ಪ್ಯೂನ್, ರಾಜಕೀಯದವರದ್ದಾದರೆ ಸಾಹೇಬರ ಡ್ರೈವರ್.

ಮೆನುವನ್ನೂ ಕಾಯುವ ಲೆಕ್ಕದಲ್ಲೇ ಹಾಕಬೇಕು. ಪೂರಿ ಬೇಡವೇ ಬೇಡ, ಹತ್ತು ನಿಮಿಷಕ್ಕೆ ಚರ್ಮ ಆಗುತ್ತದೆ. ಖಡಕ್ ರೊಟ್ಟಿ ವಾರಗಟ್ಟಲೆ ಕಾಯುತ್ತದೆ. ಬಿಸಿ ರೊಟ್ಟಿ ಬೇಕು ಅಂದವರಿಗೆ ರೊಟ್ಟಿ ಬಡಿಯೋ ಅಕ್ಕಂದಿರನ್ನು ಅಲ್ಲೇ ಒಲೆ ಮುಂದೆ ಕೂರಿಸಬೇಕು. ಒಂದು ಕೆಜಿ ಜೋಳದ ಹಿಟ್ಟಿಗೆ ಹತ್ತು ಹನ್ನೆರಡು ರೊಟ್ಟಿ ಅಂತ ನನ್ನ ಲೆಕ್ಕ. ಬದನೆಕಾಯಿ ಎಣ್ಣೆಗಾಯಿ ನಿಂತಷ್ಟೂ ರುಚಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂದರೆ ಚಟ್ನಿ ಪುಡಿ, ಅದಕ್ಕೆ ಚಿಂತೆಯೇ ಇಲ್ಲ. ಗೋಧಿ ಹುಗ್ಗಿ ಸ್ವಲ್ಪ ಗಟ್ಟಿಯಾದರೆ ಬಿಸಿ ಹಾಲು ಹಾಕಿ ಸರಿ ಮಾಡಬಹುದು. ಅಕ್ಕಿ ಮಾತ್ರ ಹಳೇದೇ ಆಗಬೇಕು. ಸಿರುಗುಪ್ಪ, ಗಂಗಾವತಿ ಕಡೆ ಸೋನಾ ಮಸೂರಿ ಎಷ್ಟು ಚೆನ್ನಾಗಿದ್ದರೂ ಹೊಸ ಅಕ್ಕಿ ಅಂಟುತ್ತದೆ. ಮೊಸರನ್ನವನ್ನು ಜಾಸ್ತಿ ಹಾಲು ಹಾಕಿ ಕಲಸಬೇಕು, ಬಳ್ಳಾರಿ ಸೆಕೆಗೆ ಅದು ಮೇಜಿನ ಮೇಲೇ ಹುಳಿಯಾಗುತ್ತದೆ. ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಒಂದು ಥರ್ಮಾಮೀಟರ್ ಜೇಬಲ್ಲಿರಲಿ. ಕೈ ಇಟ್ಟು ನೋಡುವ ಅನುಭವ ದೊಡ್ಡ ಪಾತ್ರೆಯಲ್ಲಿ ಮೋಸ ಮಾಡುತ್ತದೆ. ಮೇಲೆ ಸುಡುತ್ತಿರುತ್ತದೆ, ನಡುವೆ ಉಗುರು ಬೆಚ್ಚಗೆ.

ಇವರ ಲಾಡ್ಜ್ ಒಳಗೆ ಧರ್ಮ, ರಾಜಕೀಯ ಎರಡೂ ಮಾತಾಡುವ ಹಾಗಿಲ್ಲ. ನಿಯಮವೇ ಹಾಗಿದೆ. ಪ್ರತಿಜ್ಞೆಯನ್ನು ಅವರವರ ಧರ್ಮಗ್ರಂಥದ ಮೇಲೆ ಮಾಡುತ್ತಾರೆ. ಒಳಗೆ ಆ ಮಾತು ಬರಲ್ಲ, ಸರಿ. ಆದರೆ ತಟ್ಟೆಯಲ್ಲಿ ಎಲ್ಲವೂ ಬರುತ್ತದೆ, ಅಲ್ವಾ? ಒಂದೇ ಮೇಜಿಗೆ ಲಿಂಗಾಯತರು, ಮುಸಲ್ಮಾನರು, ತೆಲುಗು ಮನೆತನದವರು, ಜೈನರು. ಯಾರೂ ಬಾಯಿಬಿಟ್ಟು ಕೇಳುವ ಪರಿಸ್ಥಿತಿ ಬರದ ಹಾಗೆ ನೋಡಿಕೊಳ್ಳೋದು ನಮ್ಮ ಕೆಲಸ. ಮಟನ್ ಹಲಾಲ್ ಅಂಗಡಿಯದ್ದೇ ತರುತ್ತೇವೆ. ಅದರ ಒಲೆ, ಸೌಟು, ಬಡಿಸುವ ಹುಡುಗ ಎಲ್ಲ ಬೇರೆ. ಜೈನ ಮನೆಯವರಲ್ಲಿ ಕೆಲವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಎಂಟು ಗಂಟೆ ಊಟಕ್ಕೆ ಅವರು ಸುಮ್ನೆ ನೀರನ್ನೂ ಮುಟ್ಟದೆ ಕೂರಬೇಕಾಗುತ್ತದೆ. ಹಾಗಾಗಿ ಸಂಜೆ ಐದೂವರೆಗೇ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಒಂದು ಸಣ್ಣ ಪಂಕ್ತಿ ಇಟ್ಟೆವು. ಕಾರ್ಡ್‌ನಲ್ಲಿ ಇರಲಿಲ್ಲ, ಯಾರೂ ಹೇಳಿರಲೂ ಇಲ್ಲ. ಅತಿಥಿಗಳ ಪಟ್ಟಿ ಓದಿದರೆ ಗೊತ್ತಾಗುವ ವಿಷಯ. ಪಟ್ಟಿ ಕೇಳಿ ಇಸ್ಕೊಳ್ಳಿ. ಬರೀ "ಇಷ್ಟು ಜನ" ಅನ್ನುವ ಸಂಖ್ಯೆಗೆ ಒಪ್ಪಬೇಡಿ.

ಊಟದ ನಡುವೆ ಟೋಸ್ಟ್‌ಗಳು ಇರುತ್ತವೆ. ಒಬ್ಬರು ಎದ್ದು ಮಾತಾಡುತ್ತಾರೆ, ಎಲ್ಲರೂ ಎದ್ದು ಗ್ಲಾಸ್ ಎತ್ತುತ್ತಾರೆ. ಗ್ಲಾಸಲ್ಲಿ ಏನಿದೆ ಅನ್ನೋದು ಅವರವರ ಇಷ್ಟ, ಶರಬತ್ತೂ ನಡೆಯುತ್ತದೆ. ಆ ಹೊತ್ತಿಗೆ ಬಕೆಟ್ ಸದ್ದು ಕೇಳಬಾರದು. ಸಾರಿನ ಬಕೆಟ್ ಹಿಡಿದ ಹುಡುಗ ಎಲ್ಲಿದ್ದಾನೋ ಅಲ್ಲೇ ನಿಲ್ಲಬೇಕು. ಕಡೆಯ ಟೋಸ್ಟ್‌ಗೆ ಆ ಬಾಗಿಲು ಕಾಯುವ ಟೈಲರ್ ಹೆಸರೇ ಇದೆ. ಅದಾದ ಮೇಲೆ ಜನ ಏಳುತ್ತಾರೆ. ಅಂದರೆ ಹುಗ್ಗಿ, ತುಪ್ಪ ಎರಡೂ ಅದಕ್ಕಿಂತ ಮುಂಚೆ ಎಲ್ಲರಿಗೂ ಮುಟ್ಟಿರಬೇಕು. ಟೋಸ್ಟ್ ಪಟ್ಟಿಯ ಒಂದು ಪ್ರತಿ ಅಡಿಗೆ ಮನೆ ಗೋಡೆಗೆ ಅಂಟಿಸಿದರೆ ಅರ್ಧ ಕೂಗಾಟ ಕಡಿಮೆ.

ಊಟದ ಉಸ್ತುವಾರಿಗೆಂದೇ ಅವರಲ್ಲಿ ಸ್ಟೀವರ್ಡ್ ಅನ್ನುವ ಪದಾಧಿಕಾರಿಗಳಿದ್ದಾರೆ. ಇದು ನಮಗೆ ದೊಡ್ಡ ಅನುಕೂಲ. ಉಳಿದ ಸಂಘಗಳಲ್ಲಿ ಉಪ್ಪು ಕಡಿಮೆ ಅನ್ನೋಕೆ ಹತ್ತು ಜನ ಬರುತ್ತಾರೆ, ಎಕ್ಸ್‌ಟ್ರಾ ಪ್ಲೇಟ್‌ಗೆ ಸಹಿ ಹಾಕೋಕೆ ಒಬ್ಬರೂ ಇರಲ್ಲ. ಆದರೆ ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಹೋದ ವರ್ಷ ಏನು ಮಾಡಿಸಿದ್ದರು, ಏನು ಉಳಿಯಿತು, ಏನು ಸಾಲದೆ ಹೋಯಿತು ಅನ್ನೋದು ಹೊಸಬರಿಗೆ ಗೊತ್ತಿರಲ್ಲ. ಅವರು ನಮ್ಮನ್ನೇ ಕೇಳುತ್ತಾರೆ. ಹೀಗಾಗಿ ಪಾತ್ರೆ ತೊಳೆಯುವ ಮುಂಚೆಯೇ ಒಂದು ಹಾಳೆ ಬರೆದಿಡೋದು ರೂಢಿ ಮಾಡಿಕೊಂಡಿದ್ದೇನೆ. ಒಂದು ಪ್ರತಿ ಅವರ ಕಾರ್ಯದರ್ಶಿಗೆ, ಒಂದು ನನ್ನ ಫೈಲ್‌ಗೆ. ರೇಟ್ ಮಾತಾಡುವಾಗ ಈ ಹಾಳೆ ಬಹಳ ಕೆಲಸ ಮಾಡುತ್ತದೆ.

ಈ ವರ್ಷದ ಹಾಳೆಯಲ್ಲಿ ಜಾಸ್ತಿ ಏನಿಲ್ಲ. ಮಿರ್ಚಿ ಮಕ್ಕಳಿಗೆ ಖಾರವಾಯಿತು, ಮುಂದಿನ ಸಲ ಅವರಿಗೆ ಆಲೂ ಬಜ್ಜಿ. ಹೊಸಪೇಟೆ, ರಾಯಚೂರಿಂದ ಬಂದವರಿಗೆ ದಾರಿಗೆ ರೊಟ್ಟಿ, ಹಿಂಡಿ ಕಟ್ಟಿಕೊಡಬೇಕು, ಕೇಳಿದವರು ಬಹಳ ಜನ. ಡ್ರೈವರ್‌ಗಳು, ಫೋಟೋದವರು, ವಾಚ್‌ಮನ್ ಊಟ ತಲೆ ಲೆಕ್ಕಕ್ಕೆ ಬಂದಿಲ್ಲ, ಮುಂದಿನ ಕೊಟೇಷನ್‌ನಲ್ಲಿ ಬೇರೆ ಸಾಲು ಹಾಕಬೇಕು. ಅವರನ್ನು ಕಡೆಗೆ ಕೂರಿಸೋದೂ ಬೇಡ. ಒಳಗೆ ಬಾಗಿಲು ಮುಚ್ಚಿರುವಾಗಲೇ ಅವರ ಊಟ ಮುಗಿಸಿಬಿಡಬಹುದು.