ಸ್ಟುಟ್‌ಗಾರ್ಟ್‌ನಲ್ಲಿ ನಾನು ಸಪ್ಲೈಯರ್

ಜರ್ಮನೀಲಿ ಸೊಸೆ ಏನ್ ಕೆಲಸ ಮಾಡ್ತಾಳೆ ಅಂತ ಯಾರಾದ್ರೂ ಕೇಳಿದ್ರೆ ನಮ್ಮತ್ತೆ "ಹೋಟೆಲ್ ಮ್ಯಾನೇಜ್‌ಮೆಂಟ್" ಅಂತಾರೆ. ಮ್ಯಾನೇಜ್‌ಮೆಂಟೂ ಇಲ್ಲ ಏನೂ ಇಲ್ಲ, ನಾನು ಸಪ್ಲೈಯರ್. ಆರ್ಡರ್ ತಗೊಳ್ತೀನಿ, ತಟ್ಟೆ ಇಡ್ತೀನಿ, ತಟ್ಟೆ ಎತ್ತೀನಿ, ಬಿಲ್ ಮಾಡ್ತೀನಿ, ಕೊನೆಗೆ ಟೇಬಲ್ ಒರೆಸಿ, ಕ್ಯಾಂಡಲ್ ಆರಿಸಿ, ರಾತ್ರಿ ಟ್ರಾಮ್ ಹಿಡಿದು ಮನೆಗೆ ಬರ್ತೀನಿ. ಇದನ್ನ ಮುಚ್ಚಿಡೋದು ಯಾಕೆ ಅಂತ ನನಗಿನ್ನೂ ಅರ್ಥ ಆಗಿಲ್ಲ, ಆದ್ರೆ ಅತ್ತೆಗೆ ಮದುವೆ ಮನೆಗಳಲ್ಲಿ ಉತ್ತರ ಕೊಡ್ಬೇಕಲ್ಲ, ಇರ್ಲಿ ಬಿಡಿ.

ನಮ್ಮ ಮನೆಯವ್ರು ಕಾರಿನ ಪಾರ್ಟ್ಸ್ ಮಾಡೋ ಕಂಪನೀಲಿ ಸಾಫ್ಟ್‌ವೇರ್ ಎಂಜಿನಿಯರ್, ಬ್ಲೂ ಕಾರ್ಡ್ ಮೇಲೆ ಬಂದವ್ರು, ಅಂದ್ರೆ ಓದಿರೋ ವಿದೇಶಿ ಕೆಲಸಗಾರರಿಗೆ ಕೊಡೋ ಪರವಾನಗಿ. ಬ್ಲೂ ಕಾರ್ಡ್‌ನವರ ಹೆಂಡತಿಗೆ ಎರಡು ಅನುಕೂಲ ಇದೆ, ವೀಸಾಕ್ಕೆ ಮುಂಚೆ ಎ1 ಅನ್ನೋ ಮೊದಲನೇ ಹಂತದ ಜರ್ಮನ್ ಪರೀಕ್ಷೆ ಪಾಸಾಗ್ಬೇಕಿಲ್ಲ (ಆಮೇಲಿನ ಹಂತಗಳು ಎ2, ಬಿ1, ಬಿ2), ಬಂದ್ಮೇಲೆ ಯಾವ ಕೆಲಸಾನಾದ್ರೂ ಮಾಡಬಹುದು. ಮೊದಲನೇದನ್ನ ಅನುಕೂಲ ಅನ್ನೋದೇ ಕಷ್ಟ ನೋಡಿ, ಒಂದಕ್ಷರ ಬರದೆ ಬಂದು ಇಳೀತೀವಿ, ಆಮೇಲೆ ಬೇಕರೀಲಿ ಬ್ರೆಡ್ ಕಡೆ ಬೆರಳು ತೋರಿಸ್ಕೊಂಡು ನಿಲ್ತೀವಿ. ಬೆಂಗಳೂರಲ್ಲಿ ನಾನು ಅಕೌಂಟ್ಸ್‌ನಲ್ಲಿದ್ದೆ. ಇಲ್ಲಿ ಆ ಕೆಲಸಕ್ಕೆ ಅರ್ಜಿ ಹಾಕಿದ ಕಡೆಯೆಲ್ಲ ಕೇಳಿದ್ದು ಬಿ2 ಮಟ್ಟದ ಜರ್ಮನ್ನು, ಡಾಟೆವ್ ಅನ್ನೋ ಸಾಫ್ಟ್‌ವೇರು, ಇಲ್ಲಿನ ಟ್ಯಾಕ್ಸ್ ಕಾನೂನು. ನನ್ನ ಹತ್ರ ಇದ್ದಿದ್ದು ಟ್ಯಾಲಿ, ಜಿಎಸ್‌ಟಿ, ಮತ್ತೆ ದಾವಣಗೆರೆ ಎಂ.ಕಾಂ. ಸರಿ, ಭಾಷೆನಾದ್ರೂ ಕಲಿಯೋಣ ಅಂತ ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿರೋ ಫೋಕ್ಸ್‌ಹೋಖ್‌ಶೂಲೆಗೆ ಸೇರ್ಕೊಂಡೆ. ಊರು ಊರಲ್ಲೂ ಇರೋ ಸಾರ್ವಜನಿಕ ಕಲಿಕಾ ಕೇಂದ್ರ ಅದು, ಖಾಸಗಿ ಕ್ಲಾಸಿಗಿಂತ ಫೀಸ್ ಕಮ್ಮಿ, ಒಂದೇ ರೂಮಲ್ಲಿ ಸಿರಿಯಾದವ್ರು ಉಕ್ರೇನಿನವ್ರು ಬ್ರೆಜಿಲ್‌ನವ್ರು ಎಲ್ಲ ಇರ್ತಾರೆ. ಎ2 ಮುಗೀತು. ಕ್ಲಾಸಲ್ಲಿ ಚೆನ್ನಾಗೇ ಮಾತಾಡ್ತಿದ್ದೆ, ಹೊರಗೆ ಬಂದ್ರೆ ಬಾಯಿ ಬೀಗ. ಯಾಕಂದ್ರೆ ಹೊರಗೆ ನನ್ಜೊತೆ ಮಾತಾಡೋ ಅವಶ್ಯಕತೆ ಯಾರಿಗೂ ಇರ್ಲಿಲ್ಲ.

ಸ್ಟುಟ್‌ಗಾರ್ಟ್‌ನದೇ ಬಡಾವಣೆ ಬಾಡ್ ಕಾನ್‌ಸ್ಟಾಟ್‌ನಲ್ಲಿ ಒಂದು ಹಳೇ ಹೋಟೆಲ್ ಕಿಟಕಿ ಮೇಲೆ ಕೆಲಸಕ್ಕೆ ಜನ ಬೇಕು ಅಂತ ಬೋರ್ಡ್ ಹಾಕಿದ್ರು. ಪಕ್ಕಾ ಶ್ವೇಬಿಷ್, ಅಂದ್ರೆ ಈ ಸೀಮೆಯ ಊಟದ ಜಾಗ, ಮರದ ಬೆಂಚು, ಗೋಡೆ ಮೇಲೆ ಜಿಂಕೆ ಕೊಂಬು. ಓನರ್ ಅರವತ್ತು ದಾಟಿದ ಹೆಂಗಸು, ನನ್ನ ಸಿವಿ ನೋಡ್ಲೇ ಇಲ್ಲ, ಶನಿವಾರ ಬರ್ತೀಯಾ, ಭಾನುವಾರ ಬರ್ತೀಯಾ, ಇಷ್ಟೇ ಕೇಳಿದ್ದು. ಆಮೇಲೆ ಹೆಲ್ತ್ ಆಫೀಸಿನ ಕಾಗದ ತಗೊಂಡ್ ಬಾ ಅಂದ್ರು. ಇಲ್ಲಿ ಊಟದ ಸಾಮಾನು ಮುಟ್ಟೋ ಕೆಲಸಕ್ಕೆ ಸೇರೋ ಮುಂಚೆ ಸಾಂಕ್ರಾಮಿಕ ರೋಗ ತಡೆ ಕಾನೂನಿನ 43ನೇ ಸೆಕ್ಷನ್ ಪ್ರಕಾರ ಒಂದು ತಿಳುವಳಿಕೆ ಪಾಠ ಕೇಳ್ಬೇಕು, ಭೇದಿ ಆದ್ರೆ, ಕಾಮಾಲೆ ಬಂದ್ರೆ, ಕೈಮೇಲೆ ಕೀವಾದ ಗಾಯ ಇದ್ರೆ ಕೆಲಸಕ್ಕೆ ಬರೋ ಹಾಗಿಲ್ಲ ಅಂತೆಲ್ಲ. ಆ ಸರ್ಟಿಫಿಕೇಟು ಸೇರೋ ದಿನಕ್ಕೆ 3 ತಿಂಗಳಿಗಿಂತ ಹಳೇದಾಗಿರಬಾರ್ದು. ಟೈಫಾಯ್ಡ್, ಕಾಲರಾ, ಸಾಲ್ಮೊನೆಲ್ಲಾ ಇವೆಲ್ಲ ಜರ್ಮನ್ನಲ್ಲೂ ಹೆಚ್ಚುಕಮ್ಮಿ ಅದೇ ಹೆಸರು, ಹಾಗಾಗಿ ನಾನು ಇಲ್ಲಿ ಪೂರ್ತಿ ಅರ್ಥ ಮಾಡ್ಕೊಂಡ ಮೊದಲ ಭಾಷಣ ರೋಗಗಳ ಬಗ್ಗೆ.

ಸೇರಿದ್ದು ಮಿನಿಜಾಬ್ ಅಂತ, ಸಂಬಳಕ್ಕೆ ಮಿತಿ ಇರೋ ಸಣ್ಣ ಕೆಲಸ. 2025ರಲ್ಲಿ ಅದರ ಮಿತಿ ತಿಂಗಳಿಗೆ 556 ಯೂರೋ, ಕನಿಷ್ಠ ಕೂಲಿ ಗಂಟೆಗೆ 12.82, ಅಂದ್ರೆ ತಿಂಗಳಿಗೆ 43 ಗಂಟೆ ಮಾಡಿದ್ರೆ ಮುಗೀತು. ಆ ಮಿತಿಯೊಳಗಿದ್ರೆ ಗಂಡನ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್‌ನಲ್ಲೇ ಪುಕ್ಕಟೆ ಇರಬಹುದು, ಟಿಪ್ಸ್ ಅದ್ರಲ್ಲಿ ಲೆಕ್ಕಕ್ಕಿಲ್ಲ, ಟಿಪ್ಸ್‌ಗೆ ಟ್ಯಾಕ್ಸೂ ಇಲ್ಲ. 2026ರ ಜನವರಿಯಿಂದ ಕೂಲಿ 13.90, ಮಿತಿ 603. ಅಕೌಂಟ್ಸ್ ಬುದ್ಧಿ ಎಲ್ಲಿ ಹೋಗುತ್ತೆ, ಇದೆಲ್ಲ ನಾನು ಸೇರೋಕೆ ಮುಂಚೇನೇ ಎಕ್ಸೆಲ್‌ನಲ್ಲಿ ಹಾಕಿಟ್ಟಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎಲ್ರೂ ಕೇಳೋದು, ಭಾಷೆ ಸರಿಯಾಗಿ ಬರದೆ ಇರೋವಾಗ ಹೆಂಗೆ ಮಾಡ್ದೆ ಅಂತ. ಸತ್ಯ ಹೇಳ್ಬೇಕಂದ್ರೆ ಸಪ್ಲೈಯರ್ ಕೆಲಸಕ್ಕೆ ಒಂದು ಕ್ರಮ ಇದೆ, ಜಗತ್ತು ತಲೆಕೆಳಗಾದ್ರೂ ಇಲ್ಲಿನವ್ರು ಅದನ್ನ ಬಿಡಲ್ಲ. ಬಂದು ಕೂತ್ಕೊಳ್ತಾರೆ, ಮೊದ್ಲು ಕುಡಿಯೋಕೆ ಹೇಳ್ತಾರೆ, ಅದು ಬಂದ್ಮೇಲೇ ಊಟಕ್ಕೆ ಹೇಳೋದು, ಊಟ ಅರ್ಧ ಆದಾಗ ನಾನು ಹೋಗಿ ರುಚಿ ಹೆಂಗಿದೆ ಅಂತ ಕೇಳ್ಬೇಕು, ಚಾಕು ಫೋರ್ಕು ಎರಡನ್ನೂ ಜೊತೆಜೊತೆಗೆ ಒಂದೇ ಕಡೆ ಓರೆಯಾಗಿ ಇಟ್ಟಿದ್ರೆ ತಟ್ಟೆ ಎತ್ತಬಹುದು, ಒಂದರ ಮೇಲೊಂದು ಅಡ್ಡಡ್ಡ ಇಟ್ಟಿದ್ರೆ ಮುಟ್ಟೋ ಹಾಗಿಲ್ಲ, ಆಮೇಲೆ ಕಾಫಿ ಇಲ್ಲಾ ಬಿಲ್ಲು. ಹಾಗಾಗಿ ಗಿರಾಕಿ ಬಾಯಿ ತೆಗೆಯೋಕೆ ಮುಂಚೆನೇ ಏನ್ ಹೇಳ್ತಾನೆ ಅಂತ ಮುಕ್ಕಾಲು ಭಾಗ ಗೊತ್ತಿರುತ್ತೆ, ಉಳಿದ ಕಾಲು ಭಾಗ ಕಿವಿಗೆ ಬಿದ್ರೆ ಸಾಕು. ಕ್ಲಾಸಲ್ಲಿ ಯಾವ ವಾಕ್ಯ ಎಲ್ಲಿಂದ ಬರುತ್ತೋ ಗೊತ್ತಾಗ್ತಿರಲಿಲ್ಲ, ಒಂದು ಸಲ ರೈಲ್ವೆ ಸ್ಟೇಷನ್ನು, ಇನ್ನೊಂದು ಸಲ ಡಾಕ್ಟ್ರ ಹತ್ರ. ಇಲ್ಲಿ ಒಂದೇ ನಾಟಕ, ಒಂದೇ ಸಾಲುಗಳು, ಟೇಬಲ್ ಬೇರೆ ಅಷ್ಟೇ. ಒಂದು ಶನಿವಾರಕ್ಕೆ ಕ್ಲಾಸಿನ ತಿಂಗಳಿಗಿಂತ ಜಾಸ್ತಿ ಮಾತಾಡಿರ್ತೀನಿ. ನನ್ನ ಕೇಳಿದ್ರೆ ಎ2 ಆದ್ಮೇಲೆ ಮನೇಲಿ ಕೂತು ಬಿ1 ಓದೋದಕ್ಕಿಂತ ಇದೇ ವಾಸಿ.

ಕ್ರಮ ತಪ್ಪಿದಾಗ ಮಾತ್ರ ಗೋಳು. ನೀರು ಕೇಳಿದ್ರೆ ನೀರು ಕೊಟ್ರಾಯ್ತು ಅಂದ್ಕೊಂಡವಳು ನಾನು, ಇಲ್ಲಿ ನೀರು ದುಡ್ಡು ಕೊಟ್ಟು ಕುಡಿಯೋದು, ಗ್ಯಾಸ್ ಇರೋದಾ ಇಲ್ಲದ್ದಾ ಅಂತ ಕೇಳ್ಬೇಕು, ಯಾರೋ ಒಬ್ರು ನಲ್ಲಿ ನೀರು ಕೊಡಿ ಅಂದ್ರೆ ಪಕ್ಕದ ಟೇಬಲ್‌ನವ್ರು ತಿರುಗಿ ನೋಡ್ತಾರೆ. ನಮ್ಮೂರಲ್ಲಿ ಕೂತ ತಕ್ಷಣ ನಾಲ್ಕು ಲೋಟ ಟಪ್ ಅಂತ ಬರುತ್ತಲ್ಲ, ಅದನ್ನ ಓನರ್‌ಗೆ ಹೇಳಿದಾಗ ಅವ್ರು ನಂಬಲೇ ಇಲ್ಲ, ಹಂಗಾದ್ರೆ ಲಾಭ ಎಲ್ಲಿಂದ ಅಂದ್ರು. ಇಲ್ಲಿ ಲಾಭ ಬಹಳಷ್ಟು ಕುಡಿಯೋದ್ರಲ್ಲೇ ಇರೋದು. ಗ್ಲಾಸಿನ ಮೇಲೆ ಸಣ್ಣ ಗೆರೆ ಇರುತ್ತೆ, 0.2, 0.3 ಅಂತ, ಬಿಯರ್ ಆ ಗೆರೆ ಮುಟ್ಟಿರ್ಬೇಕು, ನೊರೆ ಅದರ ಮೇಲೆ. ಗೆರೆಗಿಂತ ಕೆಳಗಿದ್ರೆ ಬಾಯಿಬಿಟ್ಟು ಹೇಳಲ್ಲ, ಗ್ಲಾಸ್ ಎತ್ತಿ ಬೆಳಕಿಗೆ ಹಿಡಿದು ನನ್ನ ಮುಖ ನೋಡ್ತಾರೆ.

ಅಲರ್ಜಿ ಇನ್ನೊಂದು ದೊಡ್ಡ ಅಧ್ಯಾಯ. ಯುರೋಪಿನ ಕಾನೂನು ಪ್ರಕಾರ 14 ಪದಾರ್ಥಗಳ ಬಗ್ಗೆ ಕೇಳಿದ್ರೆ ಹೇಳಲೇಬೇಕು, ಗೋಧಿ, ಮೊಟ್ಟೆ, ಹಾಲು, ಕಡಲೆಬೀಜ, ಎಳ್ಳು, ಸೋಯಾ ಇವೆಲ್ಲ ಸರಿ, ಸಾಸಿವೆನೂ ಇದೆ ಅದ್ರಲ್ಲಿ! ಒಗ್ಗರಣೆ ಹಾಕೋ ಜನ ನಾವು, ಸಾಸಿವೆ ಅಲರ್ಜಿ ಅಂತ ಒಂದಿರುತ್ತೆ ಅಂತಾನೇ ಗೊತ್ತಿರ್ಲಿಲ್ಲ. ಇಲ್ಲಿನ ಆಲೂಗಡ್ಡೆ ಸಲಾಡ್‌ಗೆ ಸಾಸಿವೆ ಪೇಸ್ಟ್ ಹಾಕ್ತಾರೆ, ಸಾರು ಕಾಯಿಸೋಕೆ ಸೆಲರಿ ಗೆಡ್ಡೆ ಹಾಕ್ತಾರೆ, ಸೆಲರಿನೂ ಆ ಪಟ್ಟೀಲಿದೆ. ಈ 14 ಹೆಸರನ್ನ ನಾನು ಚೀಟಿ ಮಾಡಿ ಫ್ರಿಜ್ ಮೇಲೆ ಅಂಟಿಸ್ಕೊಂಡು ಮಗ್ಗಿ ಥರ ಬಾಯಿಪಾಠ ಮಾಡಿದ್ದು, ಬೇರೆ ಪದ ತಪ್ಪಿದ್ರೆ ನಗ್ತಾರೆ, ಇದು ತಪ್ಪಿದ್ರೆ ಆಂಬುಲೆನ್ಸ್.

ಮತ್ತೆ ಎಲ್ರಿಗೂ ಇರೋ ಕುತೂಹಲ, ನಾವು ಲಿಂಗಾಯತ್ರು, ಮನೇಲಿ ಮೊಟ್ಟೆನೂ ಇಲ್ಲ, ನೀನು ಅದನ್ನೆಲ್ಲ ಹೆಂಗೆ ಮುಟ್ತೀಯಾ. ಮುಟ್ಟಲ್ಲ ಕಣ್ರೀ, ತಟ್ಟೆ ಮುಟ್ತೀನಿ. ಮೊದಮೊದ್ಲು ಅಡುಗೆಮನೆ ಬಾಗಿಲ ಹತ್ರ ವಾಸನೆಗೆ ಹೊಟ್ಟೆ ತೊಳೆಸ್ತಿತ್ತು, ಆಮೇಲೆ ಹುರಿದ ಈರುಳ್ಳಿ ವಾಸನೆ ಮಾತ್ರ ಗೊತ್ತಾಗೋಕೆ ಶುರುವಾಯ್ತು. ತ್ಸ್ವೀಬೆಲ್‌ರೋಸ್ಟ್‌ಬ್ರಾಟೆನ್ ಅಂತ ದನದ ಮಾಂಸದ ಮೇಲೆ ಗರಿಗರಿ ಈರುಳ್ಳಿ ರಾಶಿ ಹಾಕಿ ಕೊಡೋದು ನಮ್ಮಲ್ಲಿ ಜಾಸ್ತಿ ಹೋಗೋ ಐಟಂ. ಹೆಂಗಿರುತ್ತೆ ಅಂತ ಗಿರಾಕಿ ಕೇಳಿದ್ರೆ "ಇಲ್ಲಿ ಜಾಸ್ತಿ ಹೋಗೋದು ಇದೇ" ಅಂತೀನಿ, ಅದು ಸುಳ್ಳಲ್ಲ. ನನಗೆ ಚೀಸ್ ಹಾಕಿದ ಸ್ಪೆಟ್ಸ್‌ಲೆ, ಅಂದ್ರೆ ಇಲ್ಲಿನ ನೂಡಲ್ಸ್ ಥರದ್ದು, ಇದೆ, ಅದಕ್ಕೂ ಹಿಟ್ಟಿಗೆ ಮೊಟ್ಟೆ ಹಾಕಿರ್ತಾರೆ, ಹಾಗಾಗಿ ಸ್ಟಾಫ್ ಊಟಕ್ಕೆ ನಾನು ಆಲೂಗಡ್ಡೆ ಸಲಾಡ್ ತಿನ್ನೋಣ ಅಂದ್ರೆ ಅದಕ್ಕೆ ಮಾಂಸದ ಸಾರು ಹಾಕಿರ್ತಾರೆ! ಡಬ್ಬಿ ತಗೊಂಡು ಹೋಗ್ತೀನಿ. ಚಿತ್ರಾನ್ನ ನೋಡಿ ಕುಕ್ಕು ಒಂದ್ ಚಮಚ ತಿಂದು ತಲೆ ಆಡಿಸ್ದ.

ಭಾಷೆ ಅಂದ್ನಲ್ಲ, ಕ್ಲಾಸಲ್ಲಿ ಕಲಿಸಿದ ಜರ್ಮನ್ನೇ ಬೇರೆ, ಇಲ್ಲಿನ ಮುದುಕರು ಆಡೋದೇ ಬೇರೆ. ಹುಬ್ಬಳ್ಳಿಯವ್ರ ಮಾತನ್ನ ಪಠ್ಯಪುಸ್ತಕದ ಕನ್ನಡ ಓದಿ ಬಂದವನಿಗೆ ಕೇಳಿಸಿದ್ರೆ ಹೆಂಗಿರುತ್ತೋ ಹಂಗೆ. ಎಲ್ಲಕ್ಕೂ ಕೊನೇಲಿ ಒಂದು "ಲೆ" ಸೇರಿಸಿ ಮುದ್ದು ಮಾಡ್ತಾರೆ, ಕಾಲು ಲೀಟರ್ ವೈನು ಫಿಯರ್ಟೆಲೆ, ಸ್ವಲ್ಪ ಅಂದ್ರೆ ಬಿಸ್‌ಲೆ. ಕಿಟಕಿ ಪಕ್ಕದ ಟೇಬಲ್ ಪ್ರತಿ ಗುರುವಾರ ಖಾಯಂ ಗಿರಾಕಿಗಳಿಗೇ ಮೀಸಲು, ಬೇರೆಯವ್ರು ಕೂರೋ ಹಾಗಿಲ್ಲ. ರಿಟೈರ್ ಆದ ಗಂಡಸ್ರು ಬಂದು ಟ್ರೋಲಿಂಗರ್ ವೈನನ್ನ ಹಿಡಿ ಇರೋ ಗ್ಲಾಸಲ್ಲಿ ಕುಡೀತಾ ಇಸ್ಪೀಟ್ ಆಡ್ತಾರೆ. ಅವ್ರು ಮೆನು ನೋಡಲ್ಲ, ಹೆಸರೂ ಹೇಳಲ್ಲ, ಬೆರಳೆತ್ತಿದ್ರೆ ಇನ್ನೊಂದು ಅಂತ, ಗ್ಲಾಸ್ ಕೆಳಗಿಡೋ ರಟ್ಟನ್ನ ಗ್ಲಾಸ್ ಮೇಲೆ ಇಟ್ರೆ ಸಾಕು ಅಂತ. ಅಲ್ಲಿ ನನ್ನ ವ್ಯಾಕರಣ ಯಾರಿಗೂ ಬೇಕಿರ್ಲಿಲ್ಲ, ಯಾರಿಗೆ ಯಾವ್ದು ಅಂತ ನೆನಪಿದ್ರೆ ಆಯ್ತು.

ಕಷ್ಟದ ಕೆಲಸ ಅಂದ್ರೆ ಬಿಲ್ಲು. ಎಂಟು ಜನ ಬಂದು ತಿಂದಿರ್ತಾರೆ, ಒಟ್ಟಿಗಾ ಬೇರೆಬೇರೆನಾ ಅಂದ್ರೆ ಬೇರೆಬೇರೆ ಅಂತಾರೆ, ನಾನು ಒಬ್ಬೊಬ್ರ ಹತ್ರ ನಿಂತು ಅವ್ರು ತಿಂದಿದ್ದನ್ನ ಮಶೀನಲ್ಲಿ ಆರಿಸಿ ಮೊತ್ತ ಹೇಳ್ಬೇಕು. ನಮ್ಮ ಕಡೆ ಬಿಲ್ಲಿಗೆ ಜಗಳ ಆಡೋದು ನಾನು ಕೊಡ್ತೀನಿ ನಾನು ಕೊಡ್ತೀನಿ ಅಂತ, ಇಲ್ಲಿ ಆ ಅರ್ಧ ಲೀಟರ್ ಆಪಲ್ ಶೋರ್ಲೆ (ಸೋಡಾ ಬೆರೆಸಿದ ಸೇಬಿನ ಜ್ಯೂಸು) ನಂದಲ್ಲ ಅಂತ. ಟಿಪ್ಸ್ ಟೇಬಲ್ ಮೇಲೆ ಬಿಟ್ಟು ಹೋಗಲ್ಲ, ದುಡ್ಡು ಕೊಡೋವಾಗ್ಲೇ ಬಾಯಲ್ಲಿ ಹೇಳ್ತಾರೆ. 27.40 ಆಗಿರುತ್ತೆ, ಐವತ್ತರ ನೋಟು ಕೊಟ್ಟು "ಮೂವತ್ತು" ಅಂತಾರೆ, ಅಂದ್ರೆ ಮೂವತ್ತು ಹಿಡ್ಕೊಂಡು ಇಪ್ಪತ್ತು ವಾಪಸ್ ಕೊಡು. ಅದೂ ಎದ್ದು ಕೋಟು ಹಾಕ್ಕೊಳ್ತಾ, ಬೇರೆಯವ್ರ ಜೊತೆ ಮಾತಾಡ್ತಾ ಹೇಳ್ತಾರೆ, ಮೇಲಾಗಿ ಜರ್ಮನ್ನಲ್ಲಿ ನಲವತ್ತೈದಕ್ಕೆ ಐದು ಮೊದ್ಲು ಬರುತ್ತೆ. ಪ್ರತಿ ಸಪ್ಲೈಯರ್‌ಗೂ ಸೊಂಟಕ್ಕೆ ಒಂದು ದಪ್ಪ ಚರ್ಮದ ಪರ್ಸು, ಚಿಲ್ಲರೆ ನಮ್ದೇ, ವಸೂಲಿ ನಮ್ದೇ. ರಾತ್ರಿ ಮಶೀನ್ ಒಂದು ಮೊತ್ತ ತೋರಿಸುತ್ತೆ, ಅಷ್ಟನ್ನ ಎಣಿಸಿ ಓನರ್‌ಗೆ ಕೊಟ್ಟು ಉಳಿದಿದ್ದು ಟಿಪ್ಸು, ಅದ್ರಲ್ಲಿ ಅಡುಗೆಮನೆಗೂ ಪಾಲು. ಈ ಲೆಕ್ಕದಲ್ಲಿ ಮಾತ್ರ ಇಡೀ ಹೋಟೆಲಲ್ಲಿ ನನ್ನಷ್ಟು ಬೇಗ ಯಾರೂ ಇಲ್ಲ, ಇದನ್ನ ಹೇಳ್ಕೊಳ್ಳೋಕೆ ನಾಚಿಕೆ ಇಲ್ಲ.

ಫೋನ್ ಬಂದ್ರೆ ಈಗ್ಲೂ ಎದೆ ಹೊಡ್ಕೊಳ್ಳುತ್ತೆ. ಮುಖ ಕಾಣಲ್ಲ, ಕೈ ಕಾಣಲ್ಲ, ಹೆಸರು ಕೇಳಿದ್ರೆ ಹೆಸರೇ ಉದ್ದುದ್ದ. ಅಕ್ಷರ ಬಿಡಿಬಿಡಿಯಾಗಿ ಹೇಳಿ ಅಂತ ಕೇಳೋದನ್ನ ಕಲಿತ ಮೇಲೆ ಪರವಾಗಿಲ್ಲ, ಆದ್ರೆ ಏಪ್ರಿಲ್ಲಿಂದ ಬಿಳಿ ಆಸ್ಪರಾಗಸ್ ಸೀಸನ್ ಶುರುವಾದ್ರೆ ಜೂನ್ 24ರವರೆಗೆ ಫೋನು ನಿಲ್ಲಲ್ಲ, ಇಷ್ಟುದ್ದದ ಬಿಳಿ ಕಡ್ಡಿಗಳಿಗೆ ಬೆಣ್ಣೆ ಸಾಸ್ ಸುರ್ಕೊಂಡು ತಿನ್ನೋಕೆ ಈ ಜನ ಯಾಕಿಷ್ಟು ಹಾತೊರೀತಾರೋ, ನನಗಂತೂ ಸಪ್ಪೆ ಅನ್ಸುತ್ತೆ.

ಗಿರಾಕಿಗಳಲ್ಲಿ ಕೆಟ್ಟವ್ರು ಇಲ್ವಾ ಅಂದ್ರೆ ಇದಾರೆ. ನಾನು ಟೇಬಲ್ ಹತ್ರ ಹೋದ್ರೆ ಜರ್ಮನ್ ಬರೋರನ್ನ ಕಳ್ಸಿ ಅಂದವ್ರಿದ್ರು, ನಾನು ಅದಕ್ಕೆ ಜರ್ಮನ್ನಲ್ಲೇ "ಇವತ್ತು ಈ ಟೇಬಲ್ ನಂದೇ, ಏನ್ ಕುಡೀತೀರಾ" ಅಂದೆ, ಬಿಯರ್ ಹೇಳಿದ್ರು. ಓನರ್ ಕೌಂಟರ್ ಹಿಂದಿಂದ ನೋಡ್ತಿದ್ರು, ಏನೂ ಹೇಳ್ಲಿಲ್ಲ. ಅವ್ರು ಹೊಗಳೋದೇ ಇಲ್ಲ. ಒಂದಿನ ಬೇಜಾರಾಗಿ ಕುಕ್ ಹತ್ರ, ನನ್ ಕೆಲಸ ಚೆನ್ನಾಗಿದ್ಯೋ ಇಲ್ವೋ ಒಂದೂ ಗೊತ್ತಾಗಲ್ಲ ಮಾರಾಯ ಅಂದೆ. ಅವ್ನು ಈರುಳ್ಳಿ ಹೆಚ್ತಾ ಇಲ್ಲಿನ ಗಾದೆ ಹೇಳ್ದ, ಬಯ್ಯಲಿಲ್ಲ ಅಂದ್ರೆ ಅದೇ ಹೊಗಳಿಕೆ ಅಂತ. ಅಪ್ಪಾಜಿನೂ ಹೀಗೇನೇ, ಹಾಗಾಗಿ ನನಗೆ ಹೊಸದಲ್ಲ. ಕಷ್ಟ ಆಗಿದ್ದು ಬೇರೆ, ನಮ್ಮಮ್ಮನಿಗಿಂತ ದೊಡ್ಡವ್ರನ್ನ ನೀನು ಅಂತ ಕರೀಬೇಕಂತೆ, ಕೆಲಸದ ಜಾಗದಲ್ಲಿ ಎಲ್ರೂ ಹಂಗೇ. ಬಾಯಿಗೆ ಬರ್ದೆ ಎಷ್ಟೋ ದಿನ ವಾಕ್ಯನೇ ತಿರುಚಿ ತಿರುಚಿ ಮಾತಾಡ್ತಿದ್ದೆ.

ಅಪ್ಪಾಜಿಗೆ ಮೊದ್ಲು ವಿಷಯ ಗೊತ್ತಾದಾಗ ಫೋನಲ್ಲಿ ಸುಮ್ನಾಗ್ಬಿಟ್ರು, ಆಮೇಲೆ "ತಟ್ಟೆ ಎತ್ತೋಕೆ ಅಷ್ಟು ದೂರ ಹೋಗ್ಬೇಕಿತ್ತೇನವ್ವ" ಅಂದ್ರು. ನಾನು ವಾದ ಮಾಡ್ಲಿಲ್ಲ, ಮುಂದಿನ ವಾರ ವೀಡಿಯೋ ಕಾಲ್‌ನಲ್ಲಿ ಎಡಗೈಲಿ ಎರಡು ತಟ್ಟೆ ಹಿಡಿಯೋದು ತೋರಿಸ್ದೆ, ಒಂದು ಹೆಬ್ಬೆರಳು ತೋರುಬೆರಳಿನ ಮಧ್ಯೆ, ಇನ್ನೊಂದು ಅದರಡಿ ಮೂರು ಬೆರಳಿನ ಮೇಲೆ, ಬಲಗೈಲಿ ಮೂರನೇದು. ನೋಡಿ, "ನಮ್ಮ ಬೆಣ್ಣೆ ದೋಸೆ ಹೋಟೆಲ್ ಹುಡುಗ ಐದು ತರ್ತಾನೆ" ಅಂದ್ರು. ಈಗ ಪ್ರತಿ ಸಲ ನಾಲ್ಕಾಯ್ತಾ ಅಂತ ಕೇಳ್ತಾರೆ. ಅತ್ತೆದು ಮಾತ್ರ ಇನ್ನೂ ಮ್ಯಾನೇಜ್‌ಮೆಂಟೇ.

ಇಲ್ಲಿಗೆ ಹೊಸದಾಗಿ ಬಂದ ನಮ್ಮ ಕನ್ನಡದ ಹೆಣ್ಣುಮಕ್ಕಳು ಮೆಸೇಜ್ ಮಾಡಿ ಕೇಳ್ತಿರ್ತಾರೆ, ಸೇರಬಹುದಾ ಅಂತ. ಸೇರಿ, ಆದ್ರೆ ಕಾಂಟ್ರಾಕ್ಟ್ ಕಾಗದದ ಮೇಲೆ ಇರ್ಲಿ, ಟಿಪ್ಸ್ ಹೆಂಗೆ ಹಂಚ್ತಾರೆ ಅಂತ ಮೊದಲ ದಿನಾನೇ ಕೇಳಿ, ಕಾರ್ಡಲ್ಲಿ ಕೊಟ್ಟ ಟಿಪ್ಸ್ ನಿಮಗೆ ಯಾವಾಗ ಬರುತ್ತೆ ಅಂತಾನೂ ಕೇಳಿ, ಮತ್ತೆ ಒಳ್ಳೇ ಶೂಸ್‌ಗೆ ದುಡ್ಡು ಹಾಕಿ, ಇಲ್ಲಾಂದ್ರೆ ಹಿಮ್ಮಡಿ ನೋವು ಬಿಡಲ್ಲ. ನಾನು ಮುಂದಿನ ತಿಂಗಳಿಂದ ಮಿತಿ ದಾಟಿ ಪಾರ್ಟ್‌ಟೈಮ್ ಆಗ್ತಿದೀನಿ, ಇನ್ಶೂರೆನ್ಸು ಪೆನ್ಷನ್ನು ನಂದೇ ಕಟ್ ಆಗುತ್ತೆ, ಬಿ2 ಕ್ಲಾಸು ಬೆಳಿಗ್ಗೆ, ಡಾಟೆವ್ ಕೋರ್ಸು ಆಮೇಲೆ ನೋಡೋಣ. ಗುರು ಶುಕ್ರ ಶನಿ ರಾತ್ರಿ ನಾನು ಮನೇಲಿರಲ್ಲ, ಅಡುಗೆ ಇವ್ರದ್ದೇ. ಸಾರಿಗೆ ಉಪ್ಪು ಒಂದ್ ಕೈ ಜಾಸ್ತಿ ಬೀಳುತ್ತೆ, ನಾನು ಬಯ್ಯಲ್ಲ, ಇವ್ರೂ ಈ ಊರಿಗೆ ಬಂದು ಇಷ್ಟು ದಿನ ಆಯ್ತು, ಗಾದೆ ಗೊತ್ತಿರ್ಬೇಕು.