ಮಾವನ ವೆಬ್ಲಿಗೆ ತುಕ್ಕು ಹಿಡಿದಾಗ

ಮೊದ್ಲೇ ಹೇಳ್ಬಿಡ್ತೀನಿ, ಪಿಸ್ತೂಲು ನಂದಲ್ಲ, ನಮ್ ಮಾವಂದು, ಲೈಸೆನ್ಸ್ ಕೂಡ ಅವ್ರ ಹೆಸರಲ್ಲೇ ಇದೆ. ಪೊಲೀಸ್ ಇಲಾಖೆಯಿಂದ ರಿಟೈರ್ ಆಗಿ 20 ವರ್ಷ ಮೇಲಾಯ್ತು, ಈಗ ಕೈ ನಡುಗುತ್ತೆ, ಸಣ್ಣ ಸ್ಕ್ರೂ ಹಿಡಿಯೋಕಾಗಲ್ಲ, ಅದಕ್ಕೆ ಅವ್ರು ಎದುರಿಗೆ ಕುರ್ಚಿ ಹಾಕ್ಕೊಂಡು ಕೂತು ಹೇಳ್ತಾರೆ ನಾನು ಮಾಡ್ತೀನಿ. ಅವ್ರು ಎದ್ದು ಒಳಗೆ ಹೋದ್ರೆ ನಾನೂ ಕೈ ಬಿಟ್ಟು ಕೂರ್ತೀನಿ.

ಪಿಸ್ತೂಲು ವೆಬ್ಲಿ ಅಂಡ್ ಸ್ಕಾಟ್ ಕಂಪನಿದು, .32 ಇಂಚಿನ ತೋಟೆ ಹಾಕೋದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು. ಒಂದು ಕಾಲದಲ್ಲಿ ಇದು ಪೊಲೀಸರ ಪಿಸ್ತೂಲೇ, 1911ರ ಜನವರಿಯಲ್ಲಿ ಲಂಡನ್‌ನ ಸಿಡ್ನಿ ಸ್ಟ್ರೀಟ್‌ನಲ್ಲಿ ದೊಡ್ಡ ಗುಂಡಿನ ಕಾಳಗ ಆಗಿ ಪೊಲೀಸರ ಹತ್ರ ಇರೋ ಆಯುಧ ಸಾಲಲ್ಲ ಅಂತ ಗೊತ್ತಾದ್ಮೇಲೆ ಅದೇ ವರ್ಷ ಅಲ್ಲಿನ ಮೆಟ್ರೊಪಾಲಿಟನ್ ಪೊಲೀಸ್ ಈ ವೆಬ್ಲಿ .32ನ ತಗೊಂಡ್ರು. ಜರ್ಮನಿಯಲ್ಲಿ 1929ರಲ್ಲಿ ಬಂದ ವಾಲ್ಥರ್ ಪಿಪಿಗೂ ಇದೇ ತೋಟೆ ಹಾಕ್ತಿದ್ರು, ಅವರು 7.65 ಎಂಎಂ ಅಂತಾರೆ, ಪಿಪಿ ಅಂದ್ರೇನೇ ಪೊಲೀಸ್ ಪಿಸ್ತೂಲು ಅಂತ. ಅಮೆರಿಕದಂಥ ದೇಶದಲ್ಲಿ ಪೊಲೀಸರು ಬಿಟ್ಟ ಪಿಸ್ತೂಲುಗಳು ಅಂಗಡಿಗೆ ಬಂದು ಹವ್ಯಾಸದವರು ಕೊಂಡು ರಿಪೇರಿ ಮಾಡಿ ಇಟ್ಕೋತಾರೆ. ನಮ್ಮಲ್ಲಿ ಹಾಗಿಲ್ಲ. ಮಾವ ಸರ್ವಿಸ್‌ನಲ್ಲಿದ್ದಾಗ ಸೊಂಟಕ್ಕೆ ಕಟ್ತಿದ್ದ ರಿವಾಲ್ವರ್ ಸರ್ಕಾರದ್ದು, ಸರ್ಕಾರಕ್ಕೇ ವಾಪಸ್ ಹೋಯ್ತು. ಅದಿಲ್ಲದೆ ಸೊಂಟ ಹಗುರ ಅನ್ಸುತ್ತೆ ಅಂತ ಲೈಸೆನ್ಸ್ ಮಾಡಿಸಿ ಒಂದು ಹಳೇ ಎಸ್ಟೇಟ್ ಮನೆಯವ್ರಿಂದ ಈ ವೆಬ್ಲಿ ತಗೊಂಡ್ರಂತೆ.

2023ರ ಎಲೆಕ್ಷನ್‌ಗೆ ಎಲ್ಲರ ಥರ ನಾವೂ ಪಿಸ್ತೂಲನ್ನ ಪೊಲೀಸರ ಹತ್ರ ಡೆಪಾಸಿಟ್ ಮಾಡಿದ್ವಿ. ವಾಪಸ್ ತಂದ್ಮೇಲೆ ಮಾವಂಗೆ ಹುಷಾರಿರ್ಲಿಲ್ಲ, ಲೆದರ್ ಹೋಲ್‌ಸ್ಟರ್ ಸಮೇತ ಹಾಗೇ ಕಪಾಟಲ್ಲಿಟ್ಟು ಬೀಗ ಹಾಕಿದ್ವಿ. ಅಷ್ಟೊತ್ತಿಗೆ ಮಳೆ ಹಿಡೀತು. ಕೊಡಗಿನ ನಮ್ಮ ಕಕ್ಕಬೆ ಕಡೆ ಮಳೆ ಗೊತ್ತಿದ್ದೋರಿಗೆ ಮುಂದಿಂದು ಹೇಳೋದೇ ಬೇಡ, ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಮದುವೆ ಆಲ್ಬಮ್ಮಿಗೂ ಬೂಸ್ಟು. ಕೈಲ್ ಪೊಳ್ದ್‌ಗೆ, ಅಂದ್ರೆ ನಮ್ಮ ಕೊಡವರ ಆಯುಧ ಪೂಜೆ ಹಬ್ಬಕ್ಕೆ, ಕೋವಿ ಪೂಜೆಗಿಡ್ಬೇಕಲ್ಲ, ಅದಕ್ಕೆ ಆಗಸ್ಟ್ ಕೊನೇಲಿ ಕಪಾಟು ತೆಗೆದು ನೋಡಿದ್ರೆ ಹೋಲ್‌ಸ್ಟರ್ ಮೇಲೆಲ್ಲ ಬಿಳೀ ಪುಡಿ, ಒಳಗೆ ಪಿಸ್ತೂಲಿನ ಸ್ಲೈಡ್ (ಹಿಂದೆ ಮುಂದೆ ಜಾರೋ ಮೇಲ್ಭಾಗ) ಮೇಲೆ ಪಟ್ಟಿ ಬಿಗಿದಿದ್ದ ಜಾಗದಲ್ಲಿ ಸರಿಯಾಗಿ ಬೆರಳಗಲ ಕೆಂಪು ತುಕ್ಕು, ಹಿತ್ತಾಳೆ ಗುಂಡಿ ತಾಗ್ತಿದ್ದ ಕಡೆ ಹಸಿರು ಕಿಲುಬು. ಮಾವ ಕೈಯಲ್ಲಿ ಹಿಡ್ಕೊಂಡು ಒಂದು ಮಾತೂ ಆಡ್ಲಿಲ್ಲ. ನಂಗೆ ಅಳು ಬಂತು, ಯಾಕಂದ್ರೆ ಕಪಾಟಿಗಿಟ್ಟಿದ್ದು ನಾನೇ.

ಚರ್ಮ ತೇವ ಹೀರಿಕೊಂಡು ಬಿಡೋದೇ ಇಲ್ಲ, ಹದ ಮಾಡುವಾಗ ಹಾಕಿದ ಉಪ್ಪು ರಾಸಾಯನಿಕ ಎಲ್ಲ ಅದ್ರಲ್ಲೇ ಉಳಿದಿರುತ್ತೆ, ಆ ತೇವ ತಿಂಗಳುಗಟ್ಟಲೆ ಕಬ್ಬಿಣಕ್ಕೆ ಅಂಟಿಕೊಂಡೇ ಇರುತ್ತೆ. ಹೋಲ್‌ಸ್ಟರ್ ಇರೋದು ಹೊತ್ತುಕೊಂಡು ಓಡಾಡೋಕೆ, ಇಡೋಕಲ್ಲ. ನೋಡೋಕೆ ಎಷ್ಟು ಚೆನ್ನಾಗಿದ್ರೂ ಅಷ್ಟೇ.

ಕ್ಲೀನ್ ಮಾಡೋಕೆ ಕೂತಾಗ ಮೊದ್ಲು ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು ಚೇಂಬರ್ (ನಳಿಗೆಯಲ್ಲಿ ತೋಟೆ ಕೂರೋ ಜಾಗ) ನೋಡಿ, ತೋಟೆಗಳನ್ನೆಲ್ಲ ಬೇರೆ ರೂಮಲ್ಲಿಟ್ಟು ಬರ್ಬೇಕು. ಮಾವ ಕಣ್ಣಲ್ಲಿ ನೋಡಿದ್ರೂ ನಂಬಲ್ಲ, ಕಿರುಬೆರಳು ಚೇಂಬರ್ ಬಾಯಿಗೆ ಇಟ್ಟು ಮುಟ್ಟಿ ನೋಡ್ತಾರೆ. "ಕಣ್ಣು ಮೋಸ ಮಾಡ್ತದೆ ಕುಂಞಿ, ಬೆರಳು ಮಾಡಲ್ಲ" ಅಂತಾರೆ, ಕುಂಞಿ ಅಂದ್ರೆ ಮಗು. ಆಮೇಲೆ ಟ್ರಿಗರ್ ಗಾರ್ಡನ್ನ ಎಳೆದು ಬಿಡಿಸಿದ್ರೆ ಸ್ಲೈಡು, ನಳಿಗೆ ಕಳಚಿ ಬರ್ತದೆ, ಟೂಲ್ ಬೇಡ, 100 ವರ್ಷದ ಹಿಂದೆ ಇಷ್ಟು ಚಂದ ಯೋಚ್ನೆ ಮಾಡಿದ್ದಾರಲ್ಲ ಅನ್ಸುತ್ತೆ ಪ್ರತಿ ಸಲ. ಹಿಡಿಯ ಬಲಗಡೆ ಪಟ್ಟಿ ಕೆಳಗೆ ವಿ ಆಕಾರದ ದೊಡ್ಡ ಸ್ಪ್ರಿಂಗ್ ಇದೆ, ಅದನ್ನ ಮಾತ್ರ ಮಾವ ಮುಟ್ಟೋಕೆ ಬಿಡಲ್ಲ, ಹೋದ್ರೆ ಎಲ್ಲಿಂದ ತರ್ತೀಯ ಅಂತ. ಹಿಡಿ ಪಟ್ಟಿ ವಲ್ಕನೈಟ್, ಅಂದ್ರೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರು, ಬಿಸಿಲು ಬಿದ್ದು ಬಿದ್ದು ಕಪ್ಪು ಹೋಗಿ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದೆ. ಅದನ್ನ ಹಾಗೇ ಬಿಟ್ವಿ.

ತುಕ್ಕು ತೆಗೀಬೇಕು ಅಂದ ಕೂಡ್ಲೆ ಮನೆಗೆ ಬಂದೋರೆಲ್ಲ ಎಮ್ರಿ ಪೇಪರ್ ಹಾಕು ಅಂದ್ರು. ಹಾಕ್ಲಿಲ್ಲ. ನಮ್ಮ ಐನ್‌ಮನೆಯ (ಕುಟುಂಬದ ಮೂಲ ಮನೆ) ಜೋಡು ನಳಿಗೆ ಕೋವಿಗೆ ಹಿಂದೆ ಒಬ್ಬರು ಬಫಿಂಗ್ ಮೆಷಿನ್ ಹಿಡಿದು ಸ್ಟೀಲ್ ಲೋಟದ ಥರ ಹೊಳೆಸಿ ಕೊಟ್ಟಿದ್ರು, ನಳಿಗೆ ಮೇಲಿನ ಅಕ್ಷರ, ಪರೀಕ್ಷೆ ಮಾಡಿ ಹಾಕಿದ ಪ್ರೂಫ್ ಮುದ್ರೆ ಎಲ್ಲ ಮಸುಕಾಗಿ ಹೋಯ್ತು, ನಂಬರ್ ಒಂದು ಹೇಗೋ ಉಳೀತು. ನಂಬರ್ ಅಳಿಸಿದ್ರೆ ಅದು ಅಪರಾಧ, ಆರ್ಮ್ಸ್ ಆಕ್ಟ್‌ನ 8ನೇ ಸೆಕ್ಷನ್‌ನಲ್ಲೇ ಇದೆ. ನಮ್ಮ ಕೊಡವರ ಕೋವಿಗೆ ಲೈಸೆನ್ಸ್ ಬೇಡ ಅನ್ನೋ ವಿನಾಯಿತಿನ 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ 10 ವರ್ಷಕ್ಕೆ ಮುಂದುವರಿಸಿದೆ ನಿಜ, ಆದ್ರೆ ಆ ವಿನಾಯಿತಿ ನಂಬರ್ ಅಳಿಸೋಕೆ ಕೊಟ್ಟಿದ್ದಲ್ಲ.

ಅದೇ ಕೋವಿಗೆ ಅಜ್ಜನ ಕಾಲದಿಂದ ತೆಂಗಿನೆಣ್ಣೆ ಹಚ್ಚೋ ಅಭ್ಯಾಸ ಬೇರೆ. ತೆಂಗಿನೆಣ್ಣೆ 24 ಡಿಗ್ರಿ ಹತ್ರ ಬಂದ್ರೆ ಗಟ್ಟಿಯಾಗುತ್ತೆ, ನಮ್ಮಲ್ಲಿ ಡಿಸೆಂಬರ್ ರಾತ್ರಿ ಹೇಗಿರುತ್ತೆ ಗೊತ್ತಲ್ಲ. ಒಂದು ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ಕುಯ್ಯೋ ಹೊತ್ತಲ್ಲಿ ಎಲ್ರೂ ಗದ್ದೆಲಿ ನಿಂತು ಗುಂಡಿನ ಈಡಿಗೆ ಕಾಯ್ತಿದ್ರೆ ಕೋವಿ ಟಕ್ ಅಂತು ಅಷ್ಟೇ, ಸಿಡೀಲಿಲ್ಲ. ಬಿಚ್ಚಿ ನೋಡಿದ್ರೆ ಫೈರಿಂಗ್ ಪಿನ್ ಸುತ್ತ ಮೇಣದ ಥರ ಎಣ್ಣೆ. ಅವತ್ತಿಂದ ಹೊಲಿಗೆ ಮೆಷಿನ್ ಎಣ್ಣೆ ಥರದ ತೆಳು ಎಣ್ಣೆ ಮಾತ್ರ, ಅದೂ ಬಟ್ಟೆಗೆ ಹಾಕಿ ಒರೆಸೋದು, ಸುರಿಯೋದಲ್ಲ.

ವೆಬ್ಲಿಗೆ ಒಂದು ರಾತ್ರಿ ಪೂರ್ತಿ ಎಣ್ಣೆಲಿ ನೆನೆಸಿದ ಬಟ್ಟೆ ಸುತ್ತಿಟ್ವಿ. ಬೆಳಿಗ್ಗೆ ತಾಮ್ರದ ತಂತಿನ ಸುತ್ತಿಗೇಲಿ ಚಪ್ಪಟೆ ಮಾಡಿ ಅದ್ರಿಂದ ಮೆಲ್ಲಗೆ ಕೆರೆದ್ವಿ, ತಾಮ್ರ ಉಕ್ಕಿಗಿಂತ ಮೆದು ಆದ್ದರಿಂದ ತುಕ್ಕು ಏಳುತ್ತೆ ಲೋಹಕ್ಕೆ ಗೀರು ಬೀಳಲ್ಲ. ದಪ್ಪ ತುಕ್ಕು ಹೋಯ್ತು, ಕೆಳಗೆ ಕೆಂಪು ಛಾಯೆ ಉಳೀತು. ಆಗ ಮಾವ, ಕುದಿಸೋಣ ಅಂದ್ರು. ಕೆಂಪು ತುಕ್ಕನ್ನ ಕುದಿಯೋ ನೀರಲ್ಲಿಟ್ರೆ ಅದು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತೆ, ಹಳೇ ಕಾಲದ ಬ್ಲೂಯಿಂಗ್ (ಉಕ್ಕಿಗೆ ಕಪ್ಪು ಲೇಪ ಬರಿಸೋದು) ಕೂಡ ಇದೇ, ಬೇಕಂತಲೇ ತುಕ್ಕು ಹಿಡಿಸಿ ಕುದಿಸಿ ಉಜ್ಜಿ ಮತ್ತೆ ತುಕ್ಕು ಹಿಡಿಸಿ ಹೀಗೆ ಸುಮಾರು ಸಲ. ನೀರಲ್ಲಿ ಲವಣ ಇರಬಾರದು. ಮಾವಿ, ಅಂದ್ರೆ ಮಾವನ ಹೆಂಡ್ತಿ, ಅಂಗಳದಲ್ಲಿ ಪಾತ್ರೆ ಇಟ್ಟು ನೇರ ಆಕಾಶದಿಂದ ಬಿದ್ದ ಮಳೆ ನೀರೇ ಹಿಡಿದು ಕೊಟ್ರು. ಸ್ಲೈಡಿನ ಜಿಡ್ಡೆಲ್ಲ ತೆಗೆದು 20 ನಿಮಿಷ ಕುದಿಸಿದ್ವಿ. ಇಣುಕಿ ನೋಡ್ತಾನೇ ಇದ್ದೆ, ಇಟ್ಟಿಗೆ ಕೆಂಪು ಇದ್ದದ್ದು ಮೊದ್ಲು ಕಂದು, ಆಮೇಲೆ ನೇರಳೆ ಥರ, ಕೊನೆಗೆ ಒಲೆ ಮಸಿ ಥರ ಮೆತ್ತನೆ ಕಪ್ಪು. ತೆಗೆದು ಒಣಗಿಸಿ ತೀರಾ ನವಿರಾದ ಸ್ಟೀಲ್ ವುಲ್‌ಗೆ ಎಣ್ಣೆ ಹಾಕಿ ಉಜ್ಜಿದ್ರೆ ಪುಡಿಯೆಲ್ಲ ಹೋಗಿ ಕೆಳಗೆ ಕಪ್ಪು ನಿಂತಿತ್ತು. ಸಣ್ಣ ಸಣ್ಣ ಕುಳಿಗಳು ಇವೆ, ಅವು ಹೋಗಲ್ಲ, ಹೋಗಿಸೋಕೆ ಲೋಹವನ್ನೇ ಸವೆಸಬೇಕು.

ಸ್ಲೈಡಿನ ಎಡಗಡೆ ಅಂಚಲ್ಲಿ ಬ್ಲೂಯಿಂಗ್ ಪೂರ್ತಿ ಸವೆದು ಬೆಳ್ಳಿ ಕಾಣ್ತಿತ್ತು. ಅದಕ್ಕೂ ಕಪ್ಪು ಹಾಕಿಸೋಣ್ವಾ, ಮೈಸೂರಿನಲ್ಲಿ ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರ ಕೊಟ್ರೆ ಮಾಡ್ತಾರೆ ಅಂತ ಕೇಳ್ದೆ.

"ಬೇಡ. ಅದು ತುಕ್ಕಲ್ಲ, ಕೈ."

ನಂಗೂ ಹಾಗೇ ಅನ್ಸುತ್ತೆ. ತುಕ್ಕು ಬೇರೆ ಸವೆತ ಬೇರೆ, ತುಕ್ಕು ನಿಲ್ಲಿಸ್ದೆ ಇದ್ರೆ ಪಿಸ್ತೂಲನ್ನ ತಿನ್ನುತ್ತೆ, ಸವೆತ ಯಾರೋ ಹಿಡಿದ ಗುರುತು. ಹೊಸದರ ಥರ ಮಾಡಿಬಿಟ್ರೆ ಅದು ಮಾವಂದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?

ಸೆಪ್ಟೆಂಬರ್ 3ಕ್ಕೆ, ಕೈಲ್ ಪೊಳ್ದ್ ದಿನ, ನೆಲ್ಲಕ್ಕಿ ನಡುಬಾಡೆಯಲ್ಲಿ (ದೀಪ ಇಡೋ ನಡುಮನೆ) ಕೋವಿ, ಪೀಚೆಕತ್ತಿ, ಒಡಿಕತ್ತಿ ಪಕ್ಕ ವೆಬ್ಲಿನೂ ಇಟ್ಟು ತೋಕ್ ಪೂ, ಅಂದ್ರೆ ಕೋವಿ ಹೂ, ಏರಿಸಿದ್ವಿ. ಪೂಜೆ ಆದ ಕೂಡ್ಲೆ ಹೂವಿನ ನೀರು ಒರೆಸಿದೆ, ಕಡಂಬುಟ್ಟು (ಅಕ್ಕಿ ಕಡುಬು) ತಿನ್ನೋಕೆ ಕೂತಿದ್ದು ಆಮೇಲೆ. ಈಗ ಪಿಸ್ತೂಲು ಹತ್ತಿ ಬಟ್ಟೆಲಿ ಸುತ್ತಿ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ, ಬೀಗದೊಳಗೆ ಇದೆ. ಹೋಲ್‌ಸ್ಟರ್ ಅಡುಗೆಮನೆ ಒಲೆ ಮೇಲಿನ ಗೂಟದಲ್ಲಿ ನೇತಾಡ್ತಿದೆ. ಮಳೆಗಾಲ ಮುಗಿಯೋ ತನಕ ಪ್ರತಿ ಭಾನುವಾರ ತೆಗೆದು ಒರೆಸ್ತೀವಿ, ಮಾವ ಕುರ್ಚಿ ಎಳ್ಕೊಂಡು ಬಂದ್ಮೇಲೆ.