ಕಾಲುಪೆಟ್ಟಿಗೆ ರಿಪೇರಿ: ಅಟ್ಟದಿಂದ ನಾಟಕದ ರಾತ್ರಿವರೆಗೆ

ಏಪ್ರಿಲ್ 6

ಚಾವಡಿ ಅಟ್ಟದ ಮೇಲಿದ್ದ ಕಾಲುಪೆಟ್ಟಿಗೆಯನ್ನು, ಅಂದರೆ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಅನ್ನು, ಇವತ್ತು ಕೆಳಗಿಳಿಸಿದೆವು. ನಾಲ್ಕು ಜನ, ಒಂದು ಹಗ್ಗ, ಮೂರು ಸಲ “ನಿಧಾನ ಕಣ್ರಪ್ಪೋ”. ಹತ್ತು ಹನ್ನೆರಡು ವರ್ಷದಿಂದ ಅದನ್ನು ಯಾರೂ ಮುಟ್ಟಿಲ್ಲ. ಮುಚ್ಚಳ ತೆಗೆದರೆ ಇಲಿ ಗೂಡು. ಗೂಡಿನೊಳಗೆ ಜರಿ ಕಾಗದ, ಯಾವುದೋ ಕಾಲದ ಭುಜಕೀರ್ತಿಯಿಂದ ಉದುರಿದ ಕನ್ನಡಿ ಚೂರು, ಮಡಿಸಿಟ್ಟ ಪಾರ್ಟಿನ ಚೀಟಿ. ಶಾಯಿ ಹರಡಿಹೋಗಿದೆ. “ಎಲೈ ಸಾರಥಿ” ಅನ್ನೋದೊಂದು ಓದಲಿಕ್ಕಾಯ್ತು.

ಮೇ ಕೊನೆಗೆ ನಮ್ಮೂರ ಹಬ್ಬ. ಕೊಂಡ ಹಾಯ್ದ ಮಾರನೆ ರಾತ್ರಿ ಕುರುಕ್ಷೇತ್ರ ನಾಟಕ. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು. ಬೇಸಿಗೆ ಕಳೆಯುವ ಹೊತ್ತಿಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಕಮ್ಮಿ, ಹೊಲದ ಕೆಲಸವೂ ಕಮ್ಮಿ, ಮಳೆ ಇನ್ನೂ ಹಿಡಿದಿರೋದಿಲ್ಲ. ಕೈ ಬಿಡುವಾದವರು ನಾಟಕ ಕಲೀತಾರೆ. ಪಾರ್ಟು ಬೇಕಾದರೆ ದುಡ್ಡು ಕಟ್ಟಿ ತಗೋಬೇಕು. ದುರ್ಯೋಧನ, ಕೃಷ್ಣ ತುಟ್ಟಿ, ಬಂದು ಕೈಮುಗಿದು ಹೋಗುವ ದೂತ ಅಗ್ಗ. ಆ ದುಡ್ಡಲ್ಲೇ ನಾಟಕ ಕಲಿಸಿ ಪೆಟ್ಟಿಗೆ ನುಡಿಸುವ ಮೇಷ್ಟ್ರ ಸಂಬಳ, ಸೀನರಿ, ಡ್ರಾಮಾ ಸೆಟ್ಟಿನ ಬಾಡಿಗೆ, ದ್ರೌಪದಿ, ಕುಂತಿ, ಉತ್ತರೆ ಪಾರ್ಟಿಗೆ ಹೊರಗಿಂದ ಬರುವ ನಟಿಯರ ಖರ್ಚು, ಎಲ್ಲ. ನಮ್ಮ ಚಿಕ್ಕಪ್ಪ ಈ ಸಲ ಶಕುನಿ. ಅರವತ್ತೆರಡು ವರ್ಷಕ್ಕೆ ಮೊದಲ ಪಾರ್ಟು. ಚಿಕ್ಕಮ್ಮ ಇನ್ನೂ ಮಾತಾಡ್ತಿಲ್ಲ, ಎಮ್ಮೆ ಮಾರಿದ ದುಡ್ಡಂತೆ.

ಹುಡುಗರದು ಕೀಬೋರ್ಡ್ ತರಿಸೋಣ ಅಂತ. ಮೇಷ್ಟ್ರು ಒಪ್ಪಲಿಲ್ಲ. “ಕ್ಯಾಶಿಯೋ ತಂದ್ಕೊಳ್ರಪ್ಪ, ಬ್ಯಾಡ ಅನ್ನಲ್ಲ. ನಂಗೆ ಮಾತ್ರ ಪೆಟ್ಗೆ ಬೇಕು” ಅಂದರು. ಮೈಸೂರಲ್ಲಿ ಫಿಟ್ಟರ್ ಕೆಲಸ ಮಾಡೋನು, ಹಿಂದೆ ಎರಡು ಕೈಪೆಟ್ಟಿಗೆ ಬಿಚ್ಚಿ ಜೋಡಿಸಿದೋನು ಅಂತ ಎಲ್ಲರೂ ನನ್ನ ಕಡೆ ತಿರುಗಿದರು. ಕೈಯಲ್ಲಿರೋದು ಏಳು ಭಾನುವಾರ.

ಏಪ್ರಿಲ್ 13

ಪೂರ್ತಿ ಬಿಚ್ಚಿದೆ. 42 ಮನೆ, ಅಂದರೆ ಬೆರಳಲ್ಲಿ ಒತ್ತುವ ಕೀಲಿ, ಒಂದೊಂದಕ್ಕೂ ಜೋಡಿ ರೀಡು, ಒಟ್ಟು 84. ರೀಡಂದರೆ ಹಿತ್ತಾಳೆ ಪಟ್ಟಿಯ ಕಿಂಡಿ ಮೇಲೆ ಒಂದು ತುದಿಗೆ ರಿವೆಟ್ ಹೊಡೆದು ಕೂರಿಸಿದ ತೆಳು ಹಿತ್ತಾಳೆ ನಾಲಿಗೆ, ಅಷ್ಟೆ. ಗಾಳಿ ನುಗ್ಗಿದರೆ ನಾಲಿಗೆ ಕಿಂಡಿಯೊಳಗೆ ಹೋಗಿಬಂದು ಮಾಡುತ್ತೆ, ಅದೇ ಸ್ವರ. ಮಂದ್ರದ (ತಗ್ಗು ಸ್ವರದ) ನಾಲಿಗೆ ನನ್ನ ಕಿರುಬೆರಳುದ್ದ, ತಾರದ್ದು (ಎತ್ತರದ ಸ್ವರದ್ದು) ಉಗುರಿನಷ್ಟು.

ಈ ಯಂತ್ರ ಹುಟ್ಟಿದ್ದು ಪ್ಯಾರಿಸ್ಸಲ್ಲಿ, 1840ರ ದಶಕದಲ್ಲಿ. ಅದರ ಕಾಲು ಕತ್ತರಿಸಿ ಹಿಂದೆ ಗಾಳಿ ಊದುವ ತಿದಿ ಕೂರಿಸಿ, ಚಾಪೆ ಮೇಲೆ ಕೂತು ನುಡಿಸುವ ಕೈಪೆಟ್ಟಿಗೆ ಮಾಡಿದ್ದು ಕಲ್ಕತ್ತದ ದ್ವಾರಕಾನಾಥ ಘೋಷ್, 1875ರ ಸುಮಾರಿಗೆ. ಮನೆ ಸಂಗೀತಕ್ಕೆ, ಭಜನೆಗೆ ಅದೇ ನಿಂತಿತು. ನಾಟಕದವರು ಕಾಲಿನದ್ದನ್ನು ಬಿಡಲಿಲ್ಲ, ಅದಕ್ಕೆ ಕಾರಣ ಇದೆ. ಕಾಲಲ್ಲಿ ತುಳಿದರೆ ಎರಡು ಕೈಯೂ ಖಾಲಿ, ಗಾಳಿಯೂ ಜಾಸ್ತಿ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ, ಆಗ ಮೈಕೆಲ್ಲಿಂದ ಬರಬೇಕು? ಹಿಂದಿನ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೂ ಕೇಳಿಸಬೇಕಿತ್ತು. ಕಂಪನಿಗಳು ಒಂದೊಂದೇ ಮುಚ್ಚಿದ ಮೇಲೆ ಅಲ್ಲಿ ಪಳಗಿದವರು ಹಳ್ಳಿ ಹಳ್ಳಿಗೆ ಹೋಗಿ ಕಲಿಸಿದರು. ನಮ್ಮ ಮೇಷ್ಟ್ರ ಗುರು ಅಂಥವರೊಬ್ಬರು.

ಕೆಳಗೆ ಎರಡು ತುಳಿಗೆ, ಅವನ್ನು ತಿದಿಗೆ ಕಟ್ಟಿದ ನವಾರಿನ ಪಟ್ಟಿ. ಬಲಗಾಲಿಂದು ಜೂಲು ಜೂಲು. ಬದಲಾಯಿಸಿದೆ. ಎಡಗಾಲಿಂದು ಗಟ್ಟಿಯಾಗಿ ಕಂಡಿತು, ಬಿಟ್ಟೆ.

ಏಪ್ರಿಲ್ 20

ರೀಡೆಲ್ಲ ಹಾಳಾಗಿವೆ, ಹೊಸ ಸೆಟ್ ಹಾಕಿಸಬೇಕು ಅಂತ ಊರಲ್ಲಿ ಸುದ್ದಿ. ಗುಜರಾತಿನ ಪಾಲಿಟಾಣಾ ರೀಡಿಗೆ ಹೆಸರಾದ ಊರು, ತರಿಸಿದರೆ ಬರುತ್ತೆ. ಆದರೆ ಒಂದೊಂದೇ ರೀಡು ತೆಗೆದು ಬಾಯಿಂದ ಊದಿ ನೋಡಿದೆ. ಎಂಬತ್ತಕ್ಕಿಂತ ಹೆಚ್ಚು ನುಡಿಯುತ್ತಿವೆ. ಹಾಗಾದರೆ ದೋಷ ಗಾಳೀದು.

ಇದಕ್ಕೆ ನನ್ನ ಉಪಾಯ ಊದುಬತ್ತಿ. ಮೈಸೂರಿನವನಾದ ಮೇಲೆ ಮನೇಲಿ ಅದಕ್ಕೇನು ಬರ. ಕಿಟಕಿ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ತಮ್ಮನ ಮಗನಿಗೆ ತುಳಿಯೋದಕ್ಕೆ ಹೇಳಿ, ಬತ್ತಿಯನ್ನು ಪೆಟ್ಟಿಗೆ ಸುತ್ತ ಮೆಲ್ಲಗೆ ಸರಿಸುತ್ತಾ ಹೋದೆ. ನೆಟ್ಟಗೆ ಏಳುತ್ತಿದ್ದ ಹೊಗೆ ಎಲ್ಲಿ ಪಕ್ಕಕ್ಕೆ ಹಾರುತ್ತೋ ಅಲ್ಲಿ ತೂತು. ಒಂಬತ್ತು ಕಡೆ ಸೀಮೆಸುಣ್ಣದ ಗುರುತು ಬಿತ್ತು. ದೊಡ್ಡದು ತಿದಿಯ ಮಡಿಕೆ ಮೂಲೆಯಲ್ಲಿ, ಇಲಿ ಕಡಿದದ್ದು. ಅಜ್ಜಿ ಬಾಗಿಲಿಂದ ಇಣುಕಿ, “ಪೂಜೆ ಮಾಡಿದ್ರೆ ರಿಪೇರಿ ಆದದ್ಲಾ?” ಅಂದರು.

ಏಪ್ರಿಲ್ 27

ತಿದಿ ಮೂಲೆಗೆ ತೆಳು ಮೇಕೆ ಚರ್ಮ. ಮೈಸೂರಲ್ಲಿ ಚಪ್ಪಲಿ ಹೊಲಿಯುವ ಪರಿಚಯದವರು ಅಂಚನ್ನು ಸವರಿ ಕಾಗದದಂತೆ ಮಾಡಿಕೊಟ್ಟರು. ಅಂಟಿಗೆ ಬಡಗಿಗಳ ಹಳೇ ವಜ್ರ, ಅಂದರೆ ಚರ್ಮ ಮೂಳೆ ಬೇಯಿಸಿ ಮಾಡುವ ಗೋಂದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದ್ದು. ಫೆವಿಕಾಲ್ ಯಾಕೆ ಬೇಡ ಅಂತ ಎಲ್ಲರೂ ಕೇಳಿದರು. ವಜ್ರ ಬಿಸಿ ತಾಗಿದರೆ ಬಿಟ್ಟುಕೊಳ್ಳುತ್ತೆ. ಇನ್ನಿಪ್ಪತ್ತು ವರ್ಷಕ್ಕೆ ಬಿಚ್ಚುವವನು ನನ್ನನ್ನು ಬೈಯಬಾರದು. ವಾಸನೆ ಮಾತ್ರ ಕೇಳಬೇಡಿ. ಹೆಂಡತಿ ಒಲೆಯನ್ನೇ ಹಿತ್ತಲಿಗೆ ವರ್ಗ ಮಾಡಿದಳು.

ಭರಣಿ ಮಳೆ ಇವತ್ತೇ ಹುಟ್ಟಿದ್ದು. ಸಂಜೆ ನಾಲ್ಕು ಹನಿ ಉದುರಿಸಿ ಹೋಯಿತು.

ಮೇ 4

ಶ್ರುತಿ ಮಾಡುವ ದಿನ. ಲೆಕ್ಕ ಸುಲಭ: ನಾಲಿಗೆಯ ತುದಿ ಕೆರೆದರೆ ತುದಿ ಹಗುರಾಗಿ ಸ್ವರ ಏರುತ್ತೆ, ರಿವೆಟ್ಟಿನ ಬುಡ ಕೆರೆದರೆ ಬುಡ ಸಡಿಲಾಗಿ ಸ್ವರ ಇಳಿಯುತ್ತೆ. ಕೈಗೆ ಬರೋದು ಕಷ್ಟ. ನಾಲಿಗೆ ಕೆಳಗೆ ಫೀಲರ್ ಗೇಜಿನ ತೆಳ್ಳನೆ ಎಲೆ ತೂರಿಸಿ, ಹಳೇ ಬ್ಲೇಡಿನ ಮೂಲೆಯಲ್ಲಿ ಎರಡು ಗೀರು, ವಾಪಸ್ ಕೂರಿಸು, ನುಡಿಸು, ಮತ್ತೆ ತೆಗಿ. ಎರಡು ಗೀರಿಗೇ ಸೂಜಿ ಅಲ್ಲಾಡುತ್ತೆ. ಫೋನಿನ ಟ್ಯೂನರ್ ಆ್ಯಪ್ ಎದುರಿಗಿಟ್ಟುಕೊಂಡು ಒಂದೊಂದು ರೀಡಿನ ಸೂಜಿಯನ್ನೂ ನಟ್ಟನಡುವೆ ನಿಲ್ಲಿಸಿದೆ. ಬೆಳಗ್ಗೆ ಏಳಕ್ಕೆ ಕೂತವನು ರಾತ್ರಿ ಹನ್ನೊಂದಕ್ಕೆ ಎದ್ದೆ.

ಐವತ್ತಮೂರನೆಯದು ಕೈಯಲ್ಲೇ ಮುರಿಯಿತು. ಬುಡ ಕೆರೆಯುತ್ತಾ ಕೆರೆಯುತ್ತಾ ಆಳ ಹೋದದ್ದು ತಿಳಿಯಲೇ ಇಲ್ಲ, ಟಿಣ್ ಅಂದು ನಾಲಿಗೆ ಮೊಣಕಾಲ ಮೇಲೆ ಬಿತ್ತು. ಮಧ್ಯಸ್ಥಾಯಿಯ ಪಂಚಮ, ಬೇರೆ ಯಾವುದಾದರೂ ಆಗಬಾರದಿತ್ತೆ! ಗುಜರಿಯಲ್ಲಿ ತೂಕಕ್ಕೆ ಕೊಂಡಿದ್ದ ಒಡಕು ಕೈಪೆಟ್ಟಿಗೆಯೊಂದು ಅಟ್ಟದಲ್ಲಿತ್ತು, ಅದರದ್ದೇ ಅಳತೆಯ ರೀಡು ತೆಗೆದು ಪಟ್ಟಿಯ ಅಂಚು ಅರದಲ್ಲಿ ಉಜ್ಜಿ ಕೂರಿಸಿದೆ. ದನಿ ಕೊಂಚ ಬೇರೆ. ಗೊತ್ತಾದವರಿಗೆ ಗೊತ್ತಾಗಲಿ.

ಮೇ 11

ಪೆಟ್ಟಿಗೆ ಚಾವಡಿಗೆ ಹೋಯಿತು. ಮೇಷ್ಟ್ರು ಕೂತರು, ತುಳಿದರು, ಕಾನಡದಲ್ಲೊಂದು ಕಂದಪದ್ಯದ ಎತ್ತುಗಡೆ ನುಡಿಸಿದರು. ನಿಲ್ಲಿಸಿದರು. ನನ್ನ ಮುಖ ನೋಡಿದರು.

“ಗಾಳಿ ಚೆನ್ನಾಗದೆ. ಶಬ್ದ ಸತ್ತೋಗದಲ್ಲಪ್ಪ.”

ನಾನು ಫೋನ್ ತೆಗೆದು ಸೂಜಿ ತೋರಿಸಿದೆ. ಅವರು ನೋಡಲೂ ಇಲ್ಲ. “ಅದಾ ಸರಿಯಾಗೇ ಅದೆ. ಅದ್ಕೇ ಸತ್ತಿರಾದು.”

ಆಮೇಲೆ ಅರ್ಥ ಮಾಡಿಸಿದರು. ನಮ್ಮ ಪೆಟ್ಟಿಗೆಯ ಎರಡೂ ಸಾಲು ಒಂದೇ ಸ್ಥಾಯಿಯವು. ಎರಡನ್ನೂ ನಾನು ಕೂದಲೆಳೆ ವ್ಯತ್ಯಾಸ ಇಲ್ಲದಂತೆ ಕೂಡಿಸಿದ್ದಕ್ಕೆ ಎರಡು ನಾಲಿಗೆ ಸೇರಿ ಒಂದೇ ನಾಲಿಗೆಯ ಹಾಗಾಗಿವೆ. ಒಂದು ಸಾಲನ್ನು ಒಂಚೂರೇ ಏರಿಸಿಟ್ಟರೆ ಎರಡೂ ಒಂದಕ್ಕೊಂದು ಉಜ್ಜಿ ಸ್ವರದಲ್ಲಿ ಅಲೆ ಏಳುತ್ತೆ. ಬಯಲಲ್ಲಿ, ಸಾವಿರ ಜನರ ಗದ್ದಲದ ನಡುವೆ, ಕೊನೆ ಸಾಲಿಗೆ ಹೋಗಿ ಮುಟ್ಟೋದು ಆ ಅಲೆ. “ಮದ್ವೆ ಮನೇಲಿ ಅಕ್ಕತಂಗೀರು ಸೋಬಾನೆ ಹೇಳಲ್ವಾ? ಒಂದೇ ಹಾಡು, ಒಂದೇ ಗಂಟ್ಲಲ್ಲ. ಹಂಗೆ.”

ಒಂದು ವಾರದ ಕೆಲಸ ನೀರುಪಾಲಾದ ಸಿಟ್ಟಿಗೆ, ಹಾರ್ಮೋನಿಯಂ ಶ್ರುತಿಯೇ ಸರಿಯಿಲ್ಲ ಅಂತ ರೇಡಿಯೋದವರೇ ಹೊರಗಿಟ್ಟಿದ್ದರಲ್ಲ ಮೇಷ್ಟ್ರೇ ಅಂದೆ. ಸುಳ್ಳೇನಲ್ಲ. 1940ರಿಂದ 1971ರವರೆಗೆ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ ನಿಷಿದ್ಧ. ಸ್ವರದಿಂದ ಸ್ವರಕ್ಕೆ ಜಾರೋಕೆ ಆಗೋಲ್ಲ, ಗಮಕ ಬರೋಲ್ಲ ಅನ್ನೋದು ವಾದ. ಯಾದವಗಿರಿಯ ಆಕಾಶವಾಣಿ ಮುಂದೆ ದಿನಾ ಓಡಾಡುವ ನನಗೆ ಇದು ಹೇಗೋ ತಲೆಯಲ್ಲಿ ನಿಂತಿದೆ. ಮೇಷ್ಟ್ರು ನಕ್ಕರು. “ಜಾರಾಕೆ ಪೆಟ್ಗೆ ಯಾಕಪ್ಪಾ? ಜಾರೋನು ಕರ್ಣ. ಪೆಟ್ಗೆ ಅವನ್ನ ಬೀಳದಂಗೆ ಹಿಡ್ಕೋಬೇಕು.”

ಮೇ 18

ಹೊರಗಿನ ಸಾಲಿನ ಮಧ್ಯ ಮತ್ತು ತಾರ ರೀಡುಗಳ ತುದಿ ಮತ್ತೆ ಕೆರೆದೆ. ಈ ಸಲ ಆ್ಯಪ್ ಇಲ್ಲ. ಜೋಡಿಯನ್ನು ಒಟ್ಟಿಗೆ ನುಡಿಸಿ ಕಿವಿಯಲ್ಲಿ ಅಲೆ ಎಣಿಸೋದು. ಸೆಕೆಂಡಿಗೆ ಎರಡು ಸಲ ಏರಿಳಿದರೆ ಸಾಕು, ನಾಲ್ಕಾದರೆ ಜಾತ್ರೆ ಪೀಪಿ. ಮಂದ್ರಕ್ಕೆ ಕೈ ಹಾಕಲಿಲ್ಲ.

ಕೆಲಸವನ್ನು ಚಾವಡಿಯಲ್ಲೇ ಮಾಡಿದ್ದರಿಂದ ರಾತ್ರಿ ಅಭ್ಯಾಸವೂ ನೋಡಿದೆ. ಒಂಬತ್ತಕ್ಕೆ ಶುರು ಅಂದರೆ ಹತ್ತು. ಭೀಮನ ಪಾರ್ಟಿನವರು ಹಾಲಿನ ಡೇರಿ ಮುಗಿಸಿ ಬರಬೇಕು. ಅರ್ಜುನನದು ಮದ್ದೂರಲ್ಲಿ ಹೋಟೆಲ್ ಕೆಲಸ, ಅವನು ತರುವ ವಡೆ ಪೊಟ್ಟಣಕ್ಕೆ ಕೌರವರೂ ಕಾಯುತ್ತಾರೆ. ಸಂಧಾನದ ಸೀನಿಗೂ ಯುದ್ಧದ ಸೀನಿಗೂ ನಡುವೆ ನಡೆಯುವ ಮಾತು ಒಂದೇ: “ಕಟ್ಟೆ ಎಷ್ಟೈತೆ?” ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್. ಅಣೆಕಟ್ಟೆಯ) ಪೂರ್ತಿ ಮಟ್ಟ 124.80 ಅಡಿ ಅನ್ನೋದು ಇಲ್ಲಿ ಮೂರನೇ ಕ್ಲಾಸಿನ ಮಗುವಿಗೂ ಬಾಯಿಪಾಠ. ಚಿಕ್ಕಪ್ಪನಿಗೆ ಶಕುನಿಯ ಮಾತು ಪೂರ್ತಿ ಬರುತ್ತೆ, ತಾಳ ಮಾತ್ರ ಬರೋಲ್ಲ. ಮೇಷ್ಟ್ರು ತಬಲದವರಿಗೇ ಹೇಳಿದರು, “ಅವರ ಹಿಂದೇನೇ ಹೋಗಪ್ಪ.”

ಮೇ 25

ರೋಹಿಣಿ ಹುಟ್ಟಿತು, ಎರಡು ದಿನದಿಂದ ಜಡಿಮಳೆ. ಮರ ಉಬ್ಬಿ ಆರು ಮನೆ ಒತ್ತಿದರೆ ಏಳಲೇ ಇಲ್ಲ. ಕೀಲಿಗಳ ಪಕ್ಕ ಉಪ್ಪುಕಾಗದದಲ್ಲಿ ಸವರಿ, ಒಣ ಸೋಪು ತಿಕ್ಕಿದೆ. ಪೆಟ್ಟಿಗೆಯೊಳಗೆ ಬಟ್ಟೆಗಂಟಲ್ಲಿ ಹುರಿದ ಅಕ್ಕಿ, ತೇವ ಹೀರಲಿ ಅಂತ.

ಹಬ್ಬದ ಮಾರನೆ ರಾತ್ರಿ

ಹತ್ತೂಕಾಲಿಗೆ ಪರದೆ ಎದ್ದಿತು. ಮಳೆ ಬಿಡುವು ಕೊಟ್ಟಿತ್ತು, ಕರೆಂಟೂ ರಾತ್ರಿಯೆಲ್ಲ ಇತ್ತು. ಹುಡುಗರು ಕಡೆಗೂ ಕೀಬೋರ್ಡಿನವನನ್ನು ಕರೆಸಿದ್ದರು. ಶಂಖ, ಗುಡುಗು, ಕುದುರೆ ಓಟ ಎಲ್ಲ ಅವನದು, ಚೆನ್ನಾಗೇ ಮಾಡಿದ. ಹಾಡೆಲ್ಲ ಪೆಟ್ಟಿಗೇದು. ನಾನು ಊಟಕ್ಕೆ ಹೋಗುವ ನೆಪದಲ್ಲಿ ಶಾಲೆ ಕಾಂಪೌಂಡಿನವರೆಗೆ ನಡೆದು ನಿಂತು ಕೇಳಿದೆ. ಮೈಕಿನ ಗೊರಗೊರದ ಕೆಳಗೆ ಆ ಅಲೆ ಬೇರೆಯಾಗಿ ಬರುತ್ತಿತ್ತು.

ದುರ್ಯೋಧನನಿಗೆ ಮೂರು ಒನ್ಸ್ ಮೋರ್, ನೋಟಿನ ಹಾರ. ಚಿಕ್ಕಪ್ಪ ದಾಳ ಉರುಳಿಸಿ ನಕ್ಕಾಗ ಚಿಕ್ಕಮ್ಮ ಚಾಪೆ ಮೇಲಿಂದ ಎದ್ದು ನಿಂತು ನೋಡಿದರು.

ಮೂರೂವರೆ ಹೊತ್ತಿಗೆ ಕರ್ಣ–ಕುಂತಿ ಸೀನು. ಕರ್ಣ ಹಾಡು ಎತ್ತಿ ಎರಡನೇ ಸಾಲಿಗೆ ಬಂದಿದ್ದಾನೆ, ಪೆಟ್ಟಿಗೆಯಿಂದ ಟಪ್ ಅಂತ ಸದ್ದು. ಎಡಗಾಲಿನ ನವಾರು. ನಾನು ಗಟ್ಟಿಯಾಗಿದೆ ಅಂತ ಬಿಟ್ಟಿದ್ದೇ. ಮೇಷ್ಟ್ರು ಒಂದೇ ಕಾಲಲ್ಲಿ ತುಳಿಯುತ್ತಾ ನನ್ನ ಕಡೆ ಕತ್ತು ಹೊರಳಿಸಿದರು. ಪೆಟ್ಟಿಗೆ ಹಿಂದಿನಿಂದ ನೆಲಕ್ಕೆ ಒರಗಿ ತೂರಿಕೊಂಡು ತುಂಡಾದ ಪಟ್ಟಿಯನ್ನು ಮುಷ್ಟಿಗೆ ಸುತ್ತಿ ಎಳೆಯತೊಡಗಿದೆ. ಅವರ ಬಲಗಾಲು, ನನ್ನ ಕೈ, ಬಲಗಾಲು, ಕೈ. ಮೊದಮೊದಲು ಗಾಳಿ ಬಿಕ್ಕಿತು, ಆಮೇಲೆ ಸಮಕ್ಕೆ ಬಂತು. ಆ ಸೀನು ನಾನು ಕಂಡಿದ್ದು ಅಷ್ಟೇ: ಮೇಷ್ಟ್ರ ಬಿರುಕುಬಿಟ್ಟ ಹಿಮ್ಮಡಿ, ಕುಂತಿಯ ಸೀರೆ ಅಂಚು, ಕರ್ಣನ ಕಾಲಿನ ಹವಾಯಿ ಚಪ್ಪಲಿ. ಅದನ್ನು ಬಿಚ್ಚಿಟ್ಟು ಬರೋದು ಅವನಿಗೆ ಮರೆತುಹೋಗಿತ್ತು. ನನ್ನ ಗುಜರಿ ಪಂಚಮ ಎರಡು ಸಲ ಬಂತು. ಯಾರೂ ತಿರುಗಿ ನೋಡಲಿಲ್ಲ.

ಆರೂಕಾಲಿಗೆ ಮಂಗಳ.

ಜೂನ್ 1

ಬಾಕಿ: ಆರು ಮನೆಗೆ ಹೊಸ ಫೆಲ್ಟು, ಇಲಿ ಬಾರದಂತೆ ಹಿಂದೆ ಜಾಲರಿ. ಬಲ ಅಂಗೈಯಲ್ಲಿ ನವಾರಿನ ಬರೆ ಇನ್ನೂ ಕೆಂಪಗಿದೆ. ತುಳಿಗೆಗೆ ಇನ್ನು ನವಾರು ಬೇಡ. ಗುಜರಿ ಕಾರಿನಿಂದ ಎರಡು ಮೀಟರು ಸೀಟ್ ಬೆಲ್ಟ್ ಕತ್ತರಿಸಿ ತಂದಿಟ್ಟಿದ್ದೇನೆ.